ಬಿತ್ತಿದ್ದು ಕ್ರ್ಯಾನ್‌ಬ್ರುಕ್, ಕೊಯ್ದದ್ದು ವಿನಿಪೆಗ್: ಒಂದು ಜೂನಿಯರ್ ಹಾಕಿ ತಂಡ ಊರು ಬಿಟ್ಟ ಬಗೆ

(ಪರದೆಯ ಮೇಲೆ: ಕೆನಡಾದ ನಕ್ಷೆ. ರಾಕಿ ಪರ್ವತಗಳ ಮಗ್ಗುಲಲ್ಲಿ ಕ್ರ್ಯಾನ್‌ಬ್ರುಕ್, ಬಯಲು ಸೀಮೆಯ ನಡುವೆ ವಿನಿಪೆಗ್.)

ನಮಸ್ಕಾರ. 2019ರ ಜನವರಿ 29ರಂದು, ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಕ್ರ್ಯಾನ್‌ಬ್ರುಕ್ ಪಟ್ಟಣದ ಜನರಿಗೆ, ಎರಡು ದಶಕಗಳಿಂದ ತಮ್ಮದೆಂದು ನಂಬಿದ್ದ ಕೂಟ್ನಿ ಐಸ್ ತಂಡವು ಆ ಋತು ಮುಗಿದ ಮೇಲೆ ವಿನಿಪೆಗ್ ನಗರಕ್ಕೆ ಸ್ಥಳಾಂತರಗೊಳ್ಳಲಿದೆ ಎಂಬ ಅಧಿಕೃತ ಪ್ರಕಟಣೆ ತಲುಪಿತು. ಸುದ್ದಿ ಅನಿರೀಕ್ಷಿತವೇನಾಗಿರಲಿಲ್ಲ, ಏಕೆಂದರೆ ತಂಡದ ಮಾಲೀಕರು ವಿನಿಪೆಗ್‌ನವರು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಈ ನಿರ್ಗಮನಕ್ಕೆ ಹೊಣೆ ಯಾರು, ಟಿಕೆಟ್ ಕೊಳ್ಳದ ಊರೇ ಅಥವಾ ಗೆಲ್ಲುವ ತಂಡವನ್ನು ಕೊಡದ ಮಾಲೀಕರೇ ಎಂಬ ವಾಗ್ವಾದ ಅಂದು ಅಭಿಮಾನಿಗಳ ನಡುವೆ ಎಷ್ಟು ಬಿಸಿಯಾಗಿತ್ತೋ ಇಂದಿಗೂ ಅಷ್ಟೇ ಬಿಸಿಯಾಗಿದೆ. ಆ ವಾಗ್ವಾದದ ಎರಡೂ ಪಕ್ಷಗಳನ್ನು ಪರಿಶೀಲಿಸಿ, ಎರಡೂ ಪಕ್ಷಗಳು ಸರಿಯಾಗಿ ಗಮನಿಸದ ಒಂದು ಲೆಕ್ಕವನ್ನು ನಿಮ್ಮ ಮುಂದಿಡುವುದು ಈ ವಿಡಿಯೋದ ಉದ್ದೇಶ.

ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೊಡಗಿನ ಮೈದಾನಗಳು. ಇಲ್ಲಿನ ವಿಷಯ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ. ಕೂಟ್ನಿ ಐಸ್ ಆಡುತ್ತಿದ್ದ ವೆಸ್ಟರ್ನ್ ಹಾಕಿ ಲೀಗ್ ಎಂಬುದು ಕೆನಡಾದ ಮೂರು ಪ್ರಮುಖ ಜೂನಿಯರ್ ಲೀಗ್‌ಗಳಲ್ಲಿ ಒಂದು, ಉಳಿದೆರಡು ಒಂಟಾರಿಯೊ ಮತ್ತು ಕ್ವಿಬೆಕ್ ಭಾಗದವು. ಈ ಮೂರೂ ಲೀಗ್‌ಗಳ ಚಾಂಪಿಯನ್ ತಂಡಗಳು, ಆತಿಥೇಯ ತಂಡವೊಂದರ ಜೊತೆಗೆ, ಋತುವಿನ ಕೊನೆಯಲ್ಲಿ ಮೆಮೋರಿಯಲ್ ಕಪ್‌ಗಾಗಿ ಸೆಣಸುತ್ತವೆ. ಆಟಗಾರರ ವಯಸ್ಸು ಸಾಮಾನ್ಯವಾಗಿ 16ರಿಂದ 20. ದೂರದ ಊರುಗಳಿಂದ ಬಂದ ಈ ಹುಡುಗರು ಹಾಸ್ಟೆಲ್‌ಗಳಲ್ಲಿ ಇರುವುದಿಲ್ಲ. ಆ ಊರಿನ ಮನೆಗಳಲ್ಲಿಯೇ ಇದ್ದು, ಅಲ್ಲಿನ ಶಾಲೆಗೆ ಹೋಗಿ, ಆ ಮನೆಯವರ ಜೊತೆಗೇ ಊಟ ಮಾಡುತ್ತಾರೆ. ಇಂಥ ಮನೆಗಳನ್ನು ಬಿಲೆಟ್ ಕುಟುಂಬಗಳೆಂದು ಕರೆಯುತ್ತಾರೆ. ಚಿಕ್ಕ ಪಟ್ಟಣವೊಂದರ ಜೂನಿಯರ್ ತಂಡಕ್ಕೂ ಮಹಾನಗರದ ವೃತ್ತಿಪರ ತಂಡಕ್ಕೂ ಇರುವ ದೊಡ್ಡ ಅಂತರ ಇದೇ ಎಂದು ನನಗೆ ತೋರುತ್ತದೆ. ಇಲ್ಲಿ ಪ್ರೇಕ್ಷಕ ಟಿಕೆಟ್ ಕೊಂಡವನಷ್ಟೇ ಅಲ್ಲ, ಅನೇಕ ವೇಳೆ ಆಟಗಾರನಿಗೆ ಬೆಳಗಿನ ತಿಂಡಿ ಮಾಡಿಕೊಟ್ಟು ಶಾಲೆಗೆ ಕಳಿಸಿದವನೂ ಅವನೇ ಆಗಿರುತ್ತಾನೆ.

(ಪರದೆಯ ಮೇಲೆ: 1996, ಎಡ್ಮಂಟನ್. 1998, ಕ್ರ್ಯಾನ್‌ಬ್ರುಕ್.)

ಕ್ರ್ಯಾನ್‌ಬ್ರುಕ್‌ಗೂ ಈ ತಂಡ ಬೇರೆ ಊರಿನಿಂದ ಬಂದದ್ದೇ ಎಂಬುದನ್ನು ವಾದದ ಬಿಸಿಯಲ್ಲಿ ಹಲವರು ಮರೆಯುತ್ತಾರೆ. ಲೀಗ್‌ನ ಅಧ್ಯಕ್ಷರಾಗಿ ದೀರ್ಘಕಾಲ ದುಡಿದ ಎಡ್ ಚಿನೋವೆತ್ ಅವರು 1996ರಲ್ಲಿ ಎಡ್ಮಂಟನ್‌ನಲ್ಲಿ ಕಟ್ಟಿದ ಈ ತಂಡವು, ಉತ್ತರ ಅಮೆರಿಕದ ಅಗ್ರ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ ಆಯಿಲರ್ಸ್ ತಂಡದ ನೆರಳಿನಲ್ಲಿ ಬೇರೂರಲಾಗದೆ, ಎರಡೇ ಋತುಗಳ ನಂತರ 1998ರಲ್ಲಿ ಕ್ರ್ಯಾನ್‌ಬ್ರುಕ್‌ಗೆ ಬಂದು ಕೂಟ್ನಿ ಐಸ್ ಆಯಿತು. ಬಂದ ಎರಡನೆಯ ವರ್ಷವೇ, ಅಂದರೆ 2000ದಲ್ಲಿ, ಅದು ಲೀಗ್ ಪ್ರಶಸ್ತಿಯನ್ನು ಗೆದ್ದಿತು. 2002ರಲ್ಲಿ ಮತ್ತೊಮ್ಮೆ ಲೀಗ್ ಗೆದ್ದು, ಗ್ವೆಲ್ಫ್‌ನಲ್ಲಿ ನಡೆದ ಮೆಮೋರಿಯಲ್ ಕಪ್‌ನ ಅಂತಿಮ ಪಂದ್ಯದಲ್ಲಿ ವಿಕ್ಟೋರಿಯಾವಿಲ್ ತಂಡವನ್ನು ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. 2011ರಲ್ಲಿ ಮೂರನೆಯ ಲೀಗ್ ಪ್ರಶಸ್ತಿ ಬಂದಿತು. ಕ್ರ್ಯಾನ್‌ಬ್ರುಕ್‌ನಲ್ಲಿ ಆಡಿದ ಮೊದಲ 17 ಋತುಗಳಲ್ಲಿ ಒಂದು ವರ್ಷವೂ ತಂಡ ಪ್ಲೇಆಫ್, ಅಂದರೆ ಲೀಗ್ ಹಂತದ ನಂತರ ಪ್ರಶಸ್ತಿಗಾಗಿ ನಡೆಯುವ ಸುತ್ತುಗಳನ್ನು, ತಪ್ಪಿಸಿಕೊಳ್ಳಲಿಲ್ಲ. ಸುಮಾರು 20 ಸಾವಿರ ಜನಸಂಖ್ಯೆಯ ಊರಿಗೆ ಇದು ಅಸಾಮಾನ್ಯವಾದ ಸಾಧನೆ.

ಕುಸಿತ ಆರಂಭವಾದದ್ದು 2015ರಲ್ಲಿ. ಮುಂದೆ ಫ್ಲೋರಿಡಾ ಪ್ಯಾಂಥರ್ಸ್ ಪರವಾಗಿ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದ ಸ್ಯಾಮ್ ರೈನ್‌ಹಾರ್ಟ್ ತಂಡದಿಂದ ನಿರ್ಗಮಿಸಿದ ನಂತರದ 2015-16ರ ಋತುವಿನಲ್ಲಿ ಐಸ್ ತಂಡವು 72 ಪಂದ್ಯಗಳಲ್ಲಿ ಗೆದ್ದದ್ದು 12 ಮಾತ್ರ. ಮರುವರ್ಷ 14, ಅದರ ಮುಂದಿನ ವರ್ಷ 27, ಕ್ರ್ಯಾನ್‌ಬ್ರುಕ್‌ನ ಕೊನೆಯ ಋತುವಾದ 2018-19ರಲ್ಲಿ ಮತ್ತೆ 13. ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಪ್ಲೇಆಫ್ ಇಲ್ಲ.

ಈ ಅಂಕಿಗಳನ್ನು ನೋಡಿ ತಂಡವೇ ಕೆಟ್ಟುಹೋಗಿತ್ತು ಎಂದು ತೀರ್ಮಾನಿಸುವ ಮೊದಲು ಜೂನಿಯರ್ ಹಾಕಿಯ ಒಳಗಿನ ಯಂತ್ರವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ವಯಸ್ಸಿನ ಮಿತಿಯಿರುವುದರಿಂದ ಇಲ್ಲಿ ಎಂಥ ಶ್ರೇಷ್ಠ ಆಟಗಾರನೂ ನಾಲ್ಕೈದು ವರ್ಷಗಳಿಗಿಂತ ಹೆಚ್ಚು ಉಳಿಯುವುದಿಲ್ಲ, 20ರ ವಯಸ್ಸಿನವರಂತೂ ತಂಡವೊಂದರಲ್ಲಿ ಮೂವರಿಗಿಂತ ಹೆಚ್ಚು ಇರುವಂತಿಲ್ಲ. ಆದ್ದರಿಂದ ಪ್ರಶಸ್ತಿಯ ಆಸೆ ಕಂಡ ತಂಡಗಳು ತಮ್ಮ ಎಳೆಯ ಆಟಗಾರರನ್ನೂ ಮುಂಬರುವ ವರ್ಷಗಳ ಡ್ರಾಫ್ಟ್ ಆಯ್ಕೆಗಳನ್ನೂ (ಡ್ರಾಫ್ಟ್ ಎಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಪದ್ಧತಿ, ಸೋತ ತಂಡಗಳಿಗೆ ಸರದಿ ಮೊದಲು) ಒತ್ತೆಯಿಟ್ಟಂತೆ ಕೊಟ್ಟು, ಬೇರೆ ತಂಡಗಳಿಂದ 19 ವರ್ಷದ ಪಳಗಿದ ಆಟಗಾರರನ್ನು ಕೊಂಡುಕೊಳ್ಳುತ್ತವೆ. ಸೋಲುತ್ತಿರುವ ತಂಡಗಳು ಅದಕ್ಕೆ ತದ್ವಿರುದ್ಧವಾಗಿ ಹಿರಿಯರನ್ನು ಮಾರಿ ಭವಿಷ್ಯವನ್ನು ಕೂಡಿಡುತ್ತವೆ. ಅಭಿಮಾನಿಗಳು ರೀಬಿಲ್ಡ್ ಎನ್ನುವುದು ಇದನ್ನೇ. ಇದು ಅಪಘಾತವಲ್ಲ, ಪ್ರತಿ ತಂಡಕ್ಕೂ ಸರದಿಯಂತೆ ಬರುವ ಬರಗಾಲ. 12 ಪಂದ್ಯ ಗೆದ್ದ ಆ ದುರ್ವರ್ಷದ ಫಲವಾಗಿಯೇ ಐಸ್ ತಂಡಕ್ಕೆ 2016ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ದೊರೆತು, ಪೇಟನ್ ಕ್ರೆಬ್ಸ್ ಎಂಬ ಹುಡುಗ ಕ್ರ್ಯಾನ್‌ಬ್ರುಕ್‌ಗೆ ಬಂದನು.

(ಪರದೆಯ ಮೇಲೆ: ವೆಸ್ಟರ್ನ್ ಫೈನಾನ್ಷಿಯಲ್ ಪ್ಲೇಸ್ ಕ್ರೀಡಾಂಗಣ, 4,264 ಆಸನಗಳು.)

ಈಗ ವಾದಕ್ಕೆ ಬರೋಣ. ಊರಿನದೇ ತಪ್ಪು ಎನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. 4,264 ಆಸನಗಳ ಕ್ರೀಡಾಂಗಣವನ್ನು ತುಂಬಬೇಕಾದರೆ, ಆ ಊರಿನ ಪ್ರತಿ ಐವರಲ್ಲಿ ಒಬ್ಬರು ಪ್ರತಿಯೊಂದು ತವರು ಪಂದ್ಯಕ್ಕೂ, ಅಂದರೆ ಚಳಿಗಾಲದುದ್ದಕ್ಕೂ 34 ಸಂಜೆಗಳಂದು, ಮನೆಬಿಟ್ಟು ಬರಬೇಕಾಗುತ್ತದೆ. ಅರ್ಧದಷ್ಟು ತುಂಬಿದರೂ ಅದು ಬೆಂಗಳೂರಿನಂಥ ನಗರದಲ್ಲಿ ಕಲ್ಪಿಸಿಕೊಳ್ಳಲಾಗದ ಪ್ರಮಾಣದ ಬೆಂಬಲವೇ ಸರಿ. ಆದರೆ ವಿಕ್ಟೋರಿಯಾದಿಂದ ಬ್ರ್ಯಾಂಡನ್‌ವರೆಗೆ ಹರಡಿರುವ, ಆಗ 22 ತಂಡಗಳಿದ್ದ ಲೀಗ್‌ನಲ್ಲಿ ಬಸ್ಸಿನ ಡೀಸೆಲ್ ಖರ್ಚು, ಹೋಟೆಲ್ ಖರ್ಚು ಮತ್ತು ಆಡಿದ ಪ್ರತಿ ಋತುವಿಗೂ ಆಟಗಾರನಿಗೆ ಒಂದು ವರ್ಷದ ಕಾಲೇಜು ವಿದ್ಯಾರ್ಥಿವೇತನ ಕೊಡಬೇಕಾದ ಹೊಣೆ, ಇವ್ಯಾವುವೂ ಊರು ಚಿಕ್ಕದೆಂದು ಕಡಿಮೆಯಾಗುವುದಿಲ್ಲ. ಗೆದ್ದ ದಿನಗಳಲ್ಲಿಯೇ ಆಸನಗಳು ಖಾಲಿಯಿದ್ದವು, ಸೋತ ದಿನಗಳಲ್ಲಿ ಇನ್ನಷ್ಟು ಖಾಲಿಯಾದವು, ಯಾವ ಮಾಲೀಕನೂ ಎಂದೆಂದಿಗೂ ಕೈಯಿಂದ ಹಣ ಹಾಕಲಾರ ಎಂಬುದು ಈ ಪಕ್ಷದ ಸಾರ.

ಎದುರು ಪಕ್ಷದವರು ಬೆರಳು ತೋರುವುದು 2017ರ ಕಡೆಗೆ. ಆ ವರ್ಷ ಚಿನೋವೆತ್ ಕುಟುಂಬವು ತಂಡವನ್ನು ಗ್ರೆಗ್ ಫೆಟ್ಟಿಸ್ ಮತ್ತು ಮ್ಯಾಟ್ ಕಾಕೆಲ್ ಅವರಿಗೆ ಮಾರಿತು. ಇಬ್ಬರೂ ವಿನಿಪೆಗ್‌ನ ಹಿನ್ನೆಲೆಯವರಾದುದರಿಂದ ತಂಡವೂ ಅತ್ತಲೇ ಹೋಗುತ್ತದೆ ಎಂಬ ಅನುಮಾನ ಮೊದಲ ದಿನದಿಂದಲೇ ಹುಟ್ಟಿಕೊಂಡಿತು. ಹೊರಟುನಿಂತವನ ತಂಡಕ್ಕೆ ಋತುವಿನ ಟಿಕೆಟನ್ನು ಮುಂಗಡವಾಗಿ ಕೊಳ್ಳುವವರು ಯಾರು? ಊರಿನ ಕೆಲವರು ಸೇರಿ, ಅಮೆರಿಕದ ಫುಟ್‌ಬಾಲ್‌ನಲ್ಲಿ ಜನರೇ ಷೇರುದಾರರಾಗಿರುವ ಗ್ರೀನ್ ಬೇ ತಂಡದ ಹೆಸರನ್ನು ಇಟ್ಟುಕೊಂಡು ಗ್ರೀನ್ ಬೇ ಸಮಿತಿ ಎಂಬುದನ್ನು ರಚಿಸಿ ಟಿಕೆಟ್ ಮಾರಾಟಕ್ಕೆ ಹೆಗಲು ಕೊಟ್ಟರು. ಆದರೆ ಅವರ ಕೈಯಲ್ಲಿ ಇದ್ದದ್ದು ಉತ್ಸಾಹವೇ ಹೊರತು ಮಾಲೀಕತ್ವವಲ್ಲ. ಹೆಸರು ಮಾತ್ರ ಗ್ರೀನ್ ಬೇ, ನಿರ್ಧಾರ ವಿನಿಪೆಗ್‌ನದು ಎಂಬ ಅಸಮತೋಲ ಅಲ್ಲಿಯೇ ಇತ್ತು.

ನನ್ನ ತೀರ್ಪನ್ನು ಹೇಳುವುದಾದರೆ, ಊರಿನ ಗಾತ್ರವೊಂದೇ ಕಾರಣವೆಂಬ ವಾದ ಸ್ವಿಫ್ಟ್ ಕರಂಟ್ ಎಂಬ ಊರಿನ ಮುಂದೆ ನಿಲ್ಲುವುದಿಲ್ಲ. ಸಸ್ಕ್ಯಾಚುವಾನ್ ಪ್ರಾಂತದ ಈ ಊರು ಕ್ರ್ಯಾನ್‌ಬ್ರುಕ್‌ಗಿಂತಲೂ ಚಿಕ್ಕದು. ಅಲ್ಲಿನ ಬ್ರಾಂಕೋಸ್ ತಂಡವೂ 1974ರಲ್ಲಿ ಊರು ಬಿಟ್ಟು ಲೆತ್‌ಬ್ರಿಜ್‌ಗೆ ಹೋಗಿತ್ತು. 1986ರಲ್ಲಿ ಮರಳಿ ಬಂದ ನಂತರ ಸಮುದಾಯದ ಒಡೆತನದಲ್ಲಿಯೇ ಉಳಿದು, 1989ರಲ್ಲಿ ಮೆಮೋರಿಯಲ್ ಕಪ್ ಗೆದ್ದಿತು. 2018ರಲ್ಲಿ ಇದ್ದ ಬಂಡವಾಳವನ್ನೆಲ್ಲ ಪಣಕ್ಕಿಟ್ಟು ಲೀಗ್ ಪ್ರಶಸ್ತಿಯನ್ನು ಗೆದ್ದ ಬ್ರಾಂಕೋಸ್, ಮುಂದಿನ ಋತುವಿನಲ್ಲಿ 11 ಪಂದ್ಯಗಳನ್ನೂ ಅದರ ಮುಂದಿನದರಲ್ಲಿ 10 ಪಂದ್ಯಗಳನ್ನೂ ಮಾತ್ರ ಗೆದ್ದಿತು. ಕೂಟ್ನಿಯ ಕೊನೆಯ ಋತುವಿನಲ್ಲಿ ಕೂಟ್ನಿಗಿಂತಲೂ ಕೆಳಗೆ ಇದ್ದ ತಂಡ ಇದೇ. ಆದರೂ ಆ ತಂಡ ಎಲ್ಲಿಗೂ ಹೋಗಲಿಲ್ಲ, ಏಕೆಂದರೆ ಅದನ್ನು ಬೇರೆಡೆಗೆ ಒಯ್ಯಬೇಕೆಂದು ಬಯಸುವ ಮಾಲೀಕನೇ ಅಲ್ಲಿ ಇರಲಿಲ್ಲ. ಮೂಸ್ ಜಾ, ಪ್ರಿನ್ಸ್ ಆಲ್ಬರ್ಟ್, ಲೆತ್‌ಬ್ರಿಜ್ ತಂಡಗಳೂ ಇದೇ ಬಗೆಯ ಸಮುದಾಯದ ಒಡೆತನದವು. ಸಮುದಾಯದ ಒಡೆತನದಲ್ಲಿ ಹಣದ ಕೊರತೆ, ಸಮಿತಿಯ ಜಗಳ ಎಲ್ಲವೂ ಇರುತ್ತವೆ ಎಂಬುದನ್ನು ಒಪ್ಪುತ್ತೇನೆ. ಆದರೆ ಬರಗಾಲವನ್ನು ಸಹಿಸಿದ ಊರೇ ಸುಗ್ಗಿಯನ್ನೂ ಕಾಣುತ್ತದೆ ಎಂಬ ಖಾತ್ರಿ ಬೇರೆ ಯಾವ ವ್ಯವಸ್ಥೆಯಲ್ಲೂ ಇಲ್ಲ.

(ಪರದೆಯ ಮೇಲೆ: ವಿನಿಪೆಗ್ ಐಸ್‌ನ ಗೆಲುವುಗಳು. 2019-20: 38. 2021-22: 53. 2022-23: 57.)

ವಾಗ್ವಾದದಲ್ಲಿ ತಪ್ಪಿಹೋದ ಲೆಕ್ಕ ಇದು. 2019ರ ಮೇ ತಿಂಗಳಲ್ಲಿ, ಸ್ಥಳಾಂತರ ಘೋಷಣೆಯಾದ ಕೆಲವೇ ತಿಂಗಳುಗಳಲ್ಲಿ ನಡೆದ ಡ್ರಾಫ್ಟ್‌ನ ಮೊದಲ ಎರಡೂ ಆಯ್ಕೆಗಳು ಐಸ್ ತಂಡದ ಕೈಯಲ್ಲಿದ್ದವು. ಆಯ್ಕೆಯಾದವರು ಮ್ಯಾಟ್ ಸಾವೊಯ್ ಮತ್ತು ಕಾನರ್ ಗೀಕಿ. ಇಬ್ಬರೂ 2022ರಲ್ಲಿ ಎನ್‌ಎಚ್‌ಎಲ್ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿಯೇ ಆಯ್ಕೆಗೊಂಡರು. ಕ್ರೆಬ್ಸ್ ಕೂಡ ತಂಡದೊಡನೆ ವಿನಿಪೆಗ್‌ಗೆ ಹೋದನು. ಕ್ರ್ಯಾನ್‌ಬ್ರುಕ್‌ನಲ್ಲಿ 13 ಪಂದ್ಯ ಗೆದ್ದ ತಂಡವು ಕೋವಿಡ್‌ನಿಂದ ಮೊಟಕುಗೊಂಡ ಮರುವರ್ಷದಲ್ಲಿಯೇ ಹೊಸ ಊರಿನಲ್ಲಿ 38 ಪಂದ್ಯ ಗೆದ್ದಿತು. 2021-22 ಮತ್ತು 2022-23ರಲ್ಲಿ ಸತತವಾಗಿ ಲೀಗ್ ಹಂತದ ಅಗ್ರಸ್ಥಾನಿಯಾಯಿತು. ತರಬೇತುದಾರ ಜೇಮ್ಸ್ ಪ್ಯಾಟ್ರಿಕ್ ಕ್ರ್ಯಾನ್‌ಬ್ರುಕ್‌ನಲ್ಲಿ ಇದ್ದವರೇ. ನಾಲ್ಕು ವರ್ಷಗಳ ಸೋಲನ್ನು ಟಿಕೆಟ್ ಕೊಟ್ಟು ನೋಡಿದವರು ಒಂದು ಊರಿನವರು, ಆ ಸೋಲುಗಳು ತಂದುಕೊಟ್ಟ ಆಟಗಾರರನ್ನು ನೋಡಿದವರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಇನ್ನೊಂದು ಊರಿನವರು.

ಗೆಲ್ಲುವ ತಂಡವಿದ್ದರೆ ಊರಿನಲ್ಲೇ ಉಳಿಯುತ್ತಿತ್ತು ಎಂಬ ಎದುರು ಪಕ್ಷದ ನಂಬಿಕೆಗೂ ವಿನಿಪೆಗ್‌ನಲ್ಲಿಯೇ ಉತ್ತರ ದೊರೆಯಿತು. ಐಸ್ ತಂಡ ಅಲ್ಲಿ ಆಡುತ್ತಿದ್ದದ್ದು ಮ್ಯಾನಿಟೋಬಾ ವಿಶ್ವವಿದ್ಯಾಲಯದ, ಸುಮಾರು 1,600 ಜನರಿಗಷ್ಟೇ ಜಾಗವಿದ್ದ ವೇಯ್ನ್ ಫ್ಲೆಮಿಂಗ್ ಕ್ರೀಡಾಂಗಣದಲ್ಲಿ, ಅದೂ ತಾತ್ಕಾಲಿಕ ವ್ಯವಸ್ಥೆಯೆಂಬ ಹೆಸರಿನಲ್ಲಿ. ಭರವಸೆ ಕೊಟ್ಟಿದ್ದ ಹೊಸ ಕ್ರೀಡಾಂಗಣ ಮೇಲೇಳಲೇ ಇಲ್ಲ. 57 ಪಂದ್ಯಗಳನ್ನು ಗೆದ್ದು, ಫೈನಲ್‌ನಲ್ಲಿ ಸಿಯಾಟಲ್‌ಗೆ ಸೋತ ತಂಡವನ್ನು 2023ರ ಜೂನ್‌ನಲ್ಲಿ ಮಾರಲಾಯಿತು. ಅದು ಅಮೆರಿಕದ ವಾಷಿಂಗ್ಟನ್ ರಾಜ್ಯದ, ಸೇಬಿನ ತೋಟಗಳಿಗೆ ಹೆಸರಾದ ವೆನ್ಯಾಚಿ ಎಂಬ ಪಟ್ಟಣಕ್ಕೆ ಹೋಗಿ ವೆನ್ಯಾಚಿ ವೈಲ್ಡ್ ಆಯಿತು. ಕ್ರ್ಯಾನ್‌ಬ್ರುಕ್‌ನ ಕ್ರೀಡಾಂಗಣದಷ್ಟೇ ದೊಡ್ಡ ಕ್ರೀಡಾಂಗಣ ಅಲ್ಲಿ ಮೊದಲೇ ಸಿದ್ಧವಾಗಿತ್ತು. ಏಳು ಲಕ್ಷ ಜನರ ವಿನಿಪೆಗ್ ಉಳಿಸಿಕೊಳ್ಳಲಾಗದ ತಂಡವನ್ನು ಅದರ ಇಪ್ಪತ್ತನೆಯ ಒಂದು ಪಾಲಿನಷ್ಟು ಜನರಿರುವ ಪಟ್ಟಣ ಪಡೆಯಿತೆಂದರೆ, ದೊಡ್ಡ ಮಾರುಕಟ್ಟೆ, ಚಿಕ್ಕ ಮಾರುಕಟ್ಟೆ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ನೀವೇ ಯೋಚಿಸಿ.

ವೆನ್ಯಾಚಿಯಲ್ಲಿ ಮತ್ತೆ ರೀಬಿಲ್ಡ್ ಆರಂಭವಾಯಿತು. 2024ರ ಜನವರಿಯಲ್ಲಿ ಸಾವೊಯ್‌ನನ್ನು ಮೂಸ್ ಜಾ ತಂಡಕ್ಕೆ ಬಿಟ್ಟುಕೊಡಲಾಯಿತು, ಆ ವರ್ಷವೇ ಮೂಸ್ ಜಾ ತನ್ನ ಮೊಟ್ಟಮೊದಲ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಆ ಮೂಸ್ ಜಾ ತಂಡವೂ 1984ರಲ್ಲಿ ವಿನಿಪೆಗ್‌ನಿಂದ ಎದ್ದುಬಂದದ್ದು ಎಂದರೆ ವಿನಿಪೆಗ್‌ನ ಹಳೆಯ ಅಭಿಮಾನಿಗಳಿಗೆ ಹೇಗನ್ನಿಸಿರಬೇಡ!

(ಪರದೆಯ ಮೇಲೆ: ಕ್ರ್ಯಾನ್‌ಬ್ರುಕ್ ಬಕ್ಸ್ ತಂಡದ ಲಾಂಛನ.)

ಕ್ರ್ಯಾನ್‌ಬ್ರುಕ್‌ನ ಕ್ರೀಡಾಂಗಣ ಬಹುಕಾಲ ಖಾಲಿ ಬೀಳಲಿಲ್ಲ. 2011ರಲ್ಲಿ ಕೂಟ್ನಿ ಐಸ್ ಪ್ರಶಸ್ತಿ ಗೆದ್ದಾಗ ಪ್ಲೇಆಫ್‌ನ ಶ್ರೇಷ್ಠ ಆಟಗಾರನೆನಿಸಿದ್ದ ಗೋಲ್‌ಕೀಪರ್ ನೇಥನ್ ಲ್ಯೂವೆನ್ ಮುಂದಾಳತ್ವ ವಹಿಸಿ, ಬ್ರಿಟಿಷ್ ಕೊಲಂಬಿಯಾ ಹಾಕಿ ಲೀಗ್‌ನಲ್ಲಿ ಕ್ರ್ಯಾನ್‌ಬ್ರುಕ್ ಬಕ್ಸ್ ಎಂಬ ತಂಡವನ್ನು ಕಟ್ಟಿದರು. ಅದು 2020-21ರ ಋತುವಿನಿಂದ ಅದೇ ಕ್ರೀಡಾಂಗಣದಲ್ಲಿ ಆಡುತ್ತಿದೆ. ತಂಡ ಶುರುವಾದಾಗ ಈ ಲೀಗ್‌ನ ಪ್ರಯಾಣ ಹೆಚ್ಚಾಗಿ ಪ್ರಾಂತದ ಒಳಗಿನದಾಗಿದ್ದುದರಿಂದ ಖರ್ಚಿನ ಹೊರೆ ಹಗುರವಾಗಿತ್ತು, ಮಾಲೀಕತ್ವವೂ ಊರನ್ನು ಬಲ್ಲವರದಾಗಿತ್ತು. ಹಾಗೆಂದು ಇದು ಸುರಕ್ಷಿತ ಸ್ಥಿತಿಯೇನಲ್ಲ. ಅಮೆರಿಕದ ಕಾಲೇಜು ಹಾಕಿಯ ನಿಯಮಗಳು ವೆಸ್ಟರ್ನ್ ಲೀಗ್‌ನಂಥ ಕಡೆ ಆಡಿದವರನ್ನು ವೃತ್ತಿಪರರೆಂದು ಪರಿಗಣಿಸಿ ಹೊರಗಿಡುತ್ತಿದ್ದುದರಿಂದ, ಕಾಲೇಜಿನ ಕನಸಿದ್ದ ಹುಡುಗರಿಗೆ ಬಕ್ಸ್‌ನಂಥ ತಂಡಗಳೇ ದಾರಿಯಾಗಿದ್ದವು. 2025ರ ಆಗಸ್ಟ್‌ನಿಂದ ಆ ನಿರ್ಬಂಧ ತೆರವಾಗಿದೆ. ಒಳ್ಳೆಯ ಆಟಗಾರರನ್ನು ಸೆಳೆಯಲು ಬಕ್ಸ್ ಈಗ ಬೇರೆ ಕಾರಣವನ್ನು ಹುಡುಕಿಕೊಳ್ಳಬೇಕಾಗಿದೆ, ಕ್ರ್ಯಾನ್‌ಬ್ರುಕ್‌ನ ಅಭಿಮಾನಿಗಳ ಮುಂದಿನ ವಾಗ್ವಾದ ಹುಟ್ಟುವುದು ಬಹುಶಃ ಇಲ್ಲಿಂದಲೇ.