ಎಲೆ ತಿರುಗಿಸಿ, ಕಥೆ ಹೇಳಿ

ಕೇಳುಗರಿಗೆಲ್ಲ ನಮಸ್ಕಾರ.

ಒಂದು ಚಿತ್ರ ಹೇಳುತ್ತೇನೆ, ಕಣ್ಣು ಮುಚ್ಚಿಕೊಂಡು ನೋಡಿ. ಒಬ್ಬಳು ಹೆಂಗಸು ನಿಂತಿದ್ದಾಳೆ. ಕಣ್ಣಿಗೆ ಬಟ್ಟೆ ಕಟ್ಟಿದೆ. ಕೈಗಳ ಸಮೇತ ಮೈಗೆ ಪಟ್ಟಿ ಸುತ್ತಿದೆ. ಅವಳ ಹಿಂದೆ ಮತ್ತು ಅಕ್ಕಪಕ್ಕ ಎಂಟು ಕತ್ತಿಗಳನ್ನು ನೆಲಕ್ಕೆ ನೆಟ್ಟಿದ್ದಾರೆ. ಕಾಲಡಿ ಕೆಸರು, ಅಲ್ಲಲ್ಲಿ ನೀರು. ದೂರದ ಗುಡ್ಡದ ಮೇಲೆ ಒಂದು ಕೋಟೆ.

ಟ್ಯಾರೋ ಅಂದರೆ ಭವಿಷ್ಯ ಹೇಳಲು ಬಳಸುವ ಚಿತ್ರದ ಎಲೆಗಳು. ಆ ಕಾರ್ಡುಗಳಲ್ಲಿ ಇದು ‘ಕತ್ತಿ ಎಂಟು’. ನಾನು ಟ್ಯಾರೋ ಕಲಿಯಲು ಹೊರಟ ಹೊಸದರಲ್ಲಿ ಇದರ ಮುಂದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ: ಬಂಧನ, ಭಯ, ದಿಕ್ಕು ತೋಚದಿರುವುದು. ಹೀಗೆ 78 ಕಾರ್ಡುಗಳಿಗೂ ಮೂರು ಮೂರು ಮಾತು. ಬಸ್ಸಿನಲ್ಲಿ ಕೂತಾಗ, ಕುಕ್ಕರ್ ಕೂಗಲಿ ಅಂತ ಕಾಯುವಾಗ, ಮಗ್ಗಿ ಉರು ಹೊಡೆದ ಹಾಗೆ ಉರು ಹೊಡೆದೆ.

ಒಂದು ದಿನ ಗೆಳತಿಯೊಬ್ಬಳು ಮನೆಗೆ ಬಂದಳು. ಕೆಲಸ ಬಿಡಲೋ ಬೇಡವೋ ಎಂಬ ಯೋಚನೆ ಅವಳಿಗೆ. “ಕಾರ್ಡ್ ಕಲಿತಿದ್ದೀಯಲ್ಲ, ನನಗೂ ನೋಡೇ” ಅಂದಳು. ಎಲೆ ಕಲೆಸಿ ಮುಂದಿಟ್ಟೆ. ಅವಳು ಎತ್ತಿದ್ದು ಇದೇ ಕಾರ್ಡು. ನನಗೆ ಉರು ಹೊಡೆದದ್ದೆಲ್ಲ ಮರೆತೇ ಹೋಯಿತು. ಸುಮ್ನೆ ಕೂತೆ. ಅವಳೇ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, “ಇವಳ ಕಾಲು ಕಟ್ಟಿಲ್ಲ ಅಲ್ವಾ?”

ಎಷ್ಟು ಸಲ ನೋಡಿದ್ದೆನೋ ಆ ಕಾರ್ಡನ್ನು. ಕಾಲು ನೋಡಿರಲಿಲ್ಲ. ಮುಂದುಗಡೆ ಕತ್ತಿಯೂ ಇಲ್ಲ, ದಾರಿ ತೆರೆದೇ ಇದೆ. ಆಮೇಲೆ ಅರ್ಧ ಗಂಟೆ ನಾವಿಬ್ಬರೂ ಆ ಹೆಂಗಸಿನ ಬಗ್ಗೆಯೇ ಮಾತಾಡಿದೆವು. ಅವಳನ್ನು ಕಟ್ಟಿದ್ದು ಯಾರು? ಗಂಟು ಬಿಗಿಯಾಗಿದೆಯಾ, ಸಡಿಲವಾಗಿದೆಯಾ? ಮೊದಲ ಹೆಜ್ಜೆ ಎತ್ತ ಇಡುತ್ತಾಳೆ? ಗೆಳತಿ ಕಥೆ ಹೇಳುತ್ತಾ ಹೋದಳು, ನಾನು ಹೂಂಗುಟ್ಟುತ್ತಾ ಹೋದೆ. ಕಾರ್ಡು ಓದುವುದು ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಆವತ್ತು.

ಟ್ಯಾರೋ ಶುರುವಾಗಿದ್ದು ಆಟವಾಗಿ. ಸುಮಾರು 1440ರ ಹೊತ್ತಿಗೆ ಉತ್ತರ ಇಟಲಿಯಲ್ಲಿ ಅದನ್ನು ನಮ್ಮ ಇಸ್ಪೀಟಿನ ಹಾಗೆ ಆಡುತ್ತಿದ್ದರು. ಮಿಲಾನಿನ ದೊರೆಗಳಿಗಾಗಿ ಚಿನ್ನದ ರೇಕು ಹಚ್ಚಿ ಬರೆದ ಕಾರ್ಡುಗಳು ಈಗಲೂ ಉಳಿದಿವೆ. ಭವಿಷ್ಯ ಹೇಳುವ ಪುಸ್ತಕಗಳು ಅದಕ್ಕೆ ಗಂಟು ಬಿದ್ದಿದ್ದು 18ನೇ ಶತಮಾನದ ಕೊನೆಯಲ್ಲಿ, ಫ್ರಾನ್ಸಿನಲ್ಲಿ. ಕಾರ್ಡಿನಲ್ಲಿ ಕಥೆ ಇಡುವುದು ನಮ್ಮವರಿಗೂ ಗೊತ್ತಿತ್ತು. ದಶಾವತಾರ ಗಂಜೀಫಾ ಎಂಬ ನಮ್ಮ ಹಳೆಯ ಎಲೆಯಾಟದಲ್ಲಿ 120 ಎಲೆಗಳು, ಒಂದೊಂದು ಅವತಾರಕ್ಕೆ 12. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ತಾವೇ ಹೊಸ ಹೊಸ ಗಂಜೀಫಾ ಆಟಗಳನ್ನು ಕಟ್ಟಿದರು.

ಆದರೆ ನಾನು ಮನಸಾರೆ ನೆನೆಯುವುದು ಬೇರೊಬ್ಬರನ್ನು. ಅವರ ಹೆಸರು ಪಮೇಲಾ ಕೋಲ್ಮನ್ ಸ್ಮಿತ್. ಹುಟ್ಟಿದ್ದು 1878ರಲ್ಲಿ, ಲಂಡನ್ನಿನಲ್ಲಿ. ಬಾಲ್ಯದ ಕೆಲವು ವರ್ಷ ಜಮೈಕಾದಲ್ಲಿ ಕಳೆದರು. ಅಲ್ಲಿ ಅನಾನ್ಸಿ ಎಂಬ ಜಾಣ ಜೇಡನ ಕಥೆಗಳನ್ನು ಕೇಳಿ, ಅವನ್ನು ಬರೆದು ಚಿತ್ರ ಹಾಕಿ 1899ರಲ್ಲಿ ಪುಸ್ತಕ ಮಾಡಿದರು. ಲಂಡನ್ನಿನಲ್ಲಿ ಜನರ ಮುಂದೆ ಕೂತು ಆ ಕಥೆಗಳನ್ನು ಜಮೈಕಾದ ಮಾತಿನಲ್ಲೇ ಹೇಳುತ್ತಿದ್ದರು. ನಾಟಕದವರ ಜೊತೆ ಕೆಲಸ ಮಾಡಿದವರು, ಹಾಗಾಗಿ ರಂಗದ ಮೇಲೆ ಯಾರು ಎಲ್ಲಿ ನಿಲ್ಲಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1909ರಲ್ಲಿ ವೇಟ್ ಎಂಬ ಲೇಖಕರ ಜೊತೆ ಸೇರಿ ಟ್ಯಾರೋ ಕಟ್ಟಿಗೆ ಚಿತ್ರ ಬರೆದರು. ಅದಕ್ಕೂ ಮುಂಚೆ ಬಳಕೆಯಲ್ಲಿದ್ದ ಹೆಚ್ಚಿನ ಕಟ್ಟುಗಳಲ್ಲಿ ‘ಬಟ್ಟಲು ಐದು’ ಅಂದರೆ ಐದು ಬಟ್ಟಲು ಅಷ್ಟೇ. ಪಮೇಲಾ ಹೆಚ್ಚಿನ ಎಲೆಗಳಲ್ಲಿ ಮನುಷ್ಯರನ್ನು ತಂದು ನಿಲ್ಲಿಸಿದರು, ಅವರ ಕೈಗೊಂದು ಕೆಲಸ ಕೊಟ್ಟರು. ಅವರಿಗೆ ಸಿಕ್ಕಿದ ದುಡ್ಡು ತುಂಬಾ ಕಡಿಮೆ. ತಾವೇ ಆ ವರ್ಷ ಒಂದು ಪತ್ರದಲ್ಲಿ ಹಾಗಂತ ಬರೆದಿದ್ದಾರೆ. ಕಟ್ಟಿಗೆ ಪ್ರಕಾಶಕರ ಹೆಸರು ಬಂತು, ವೇಟ್ ಹೆಸರು ಬಂತು. ಇವರ ಹೆಸರು ಎಷ್ಟೋ ಕಾಲ ಬರಲೇ ಇಲ್ಲ. ನನಗೆ ಇದು ನೋವಿನ ಸಂಗತಿ. ಕಾರ್ಡಿನ ಮೂಲೆಯಲ್ಲಿ ಬಳ್ಳಿಯ ಹಾಗೆ ಸುತ್ತಿಕೊಂಡ ಒಂದು ಸಣ್ಣ ಸಹಿ ಇದೆ. ಕಾರ್ಡು ಕೈಗೆ ಬಂದರೆ ಮೊದಲು ಅದನ್ನು ಹುಡುಕಿ.

ಕಥೆ ಹೇಳುವವರು ಬರೆದ ಚಿತ್ರಗಳು ಇವು. ಹಾಗಾಗಿ ಕಥೆ ಹೇಳುತ್ತಲೇ ಕಲಿಯೋಣ.

ನಾನು ಮಾಡಿಕೊಂಡ ಮೊದಲ ಅಭ್ಯಾಸ, ಏನಿದೆಯೋ ಅದನ್ನು ಮಾತ್ರ ಹೇಳುವುದು. ಅರ್ಥ ಆಮೇಲೆ. ಬಟ್ಟಲು ಐದನ್ನೇ ತಗೊಳ್ಳಿ. ಕಪ್ಪು ನಿಲುವಂಗಿ ಹೊದ್ದು, ತಲೆ ತಗ್ಗಿಸಿ ಒಬ್ಬರು ನಿಂತಿದ್ದಾರೆ. ಎದುರಿಗೆ ಮೂರು ಬಟ್ಟಲು ಉರುಳಿ ಚೆಲ್ಲಿವೆ. ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ. ಆಚೆ ಹೊಳೆ, ಹೊಳೆಗೊಂದು ಸೇತುವೆ, ಸೇತುವೆ ದಾಟಿದರೆ ಒಂದು ಕಟ್ಟಡ. ಇಷ್ಟನ್ನು ಬಾಯಿಬಿಟ್ಟು ಹೇಳಲು ಐದು ನಿಮಿಷ ತೆಗೆದುಕೊಳ್ಳಿ. ‘ದುಃಖ’ ಅಂತ ನಾಲಿಗೆ ತುದಿಗೆ ಬರುತ್ತದೆ, ತಡೆದುಕೊಳ್ಳಿ. ಆಗ ಸೇತುವೆ ಕಣ್ಣಿಗೆ ಬೀಳುತ್ತದೆ. ದುಃಖ ಅಂದುಬಿಟ್ಟಿದ್ದರೆ ಕಣ್ಣು ಚೆಲ್ಲಿದ ಬಟ್ಟಲಿನ ಹತ್ತಿರವೇ ನಿಂತುಬಿಡುತ್ತಿತ್ತು.

ಇನ್ನು, ಈ ಚಿತ್ರಕ್ಕೆ ಒಂದು ಗಳಿಗೆ ಮುಂಚೆ ಏನಾಗಿತ್ತು? ಬಟ್ಟಲನ್ನು ಯಾರಾದರೂ ತಳ್ಳಿದರಾ, ನಿಲುವಂಗಿಯ ಅಂಚು ತಾಗಿ ಬಿದ್ದವಾ? ಒಂದು ಗಳಿಗೆ ಆದ ಮೇಲೆ? ಆ ಮನುಷ್ಯ ಹಿಂದಕ್ಕೆ ತಿರುಗುತ್ತಾನಾ? ಮುಂಚೆಗೆ ಎರಡು ಸಾಲು, ಆಮೇಲಿನದಕ್ಕೆ ಎರಡು ಸಾಲು ಸಾಕು. ಕೆಲವು ದಿನ ನಾನು ಕಾರ್ಡಿನಲ್ಲಿರುವ ಪುಟ್ಟ ಜೀವದ ಬಾಯಲ್ಲಿ ಕಥೆ ಹೇಳಿಸುತ್ತೇನೆ. ಸೊನ್ನೆ ನಂಬರಿನ ‘ಹುಚ್ಚ’ ಕಾರ್ಡಿನಲ್ಲಿ ಕೋಲಿಗೆ ಗಂಟು ಕಟ್ಟಿಕೊಂಡು, ಕೈಯಲ್ಲಿ ಬಿಳಿ ಗುಲಾಬಿ ಹಿಡಿದು, ಆಕಾಶ ನೋಡುತ್ತಾ ಬಂಡೆಯ ಅಂಚಿಗೆ ಬಂದು ನಿಂತ ಹುಡುಗನಿದ್ದಾನೆ. ಪಕ್ಕದಲ್ಲಿ ಒಂದು ಬಿಳಿ ನಾಯಿಮರಿ ಎಗರಾಡುತ್ತಿದೆ. ಅದು “ಹೋಗಬೇಡ” ಅನ್ನುತ್ತಿದೆಯಾ, “ನಾನೂ ಬರ್ತೀನಿ” ಅನ್ನುತ್ತಿದೆಯಾ? ಒಂದು ದಿನ ಒಂದು ಕೇಳಿಸುತ್ತದೆ, ಇನ್ನೊಂದು ದಿನ ಇನ್ನೊಂದು.

ಮೂರು ಕಾರ್ಡು ಸಾಲಾಗಿ ಇಟ್ಟಾಗ ಕೆಲಸ ಜಾಸ್ತಿ. ಒಂದರ ಪಕ್ಕ ಒಂದು ಅರ್ಥ ಇಟ್ಟರೆ ಅದು ದಿನಸಿ ಚೀಟಿ ಆಗುತ್ತದೆ. ನಡುವೆ ‘ಆದರೆ’ ಅಥವಾ ‘ಅದಕ್ಕೇ’ ಸೇರಿಸಿ ಹೇಳಬೇಕು. ಸಿಡಿಲು ಬಡಿದ ಗೋಪುರ, ಕೊಳದ ಬಳಿ ಕೂತು ಎರಡು ಹೂಜಿಗಳಿಂದ ನೀರು ಸುರಿಯುವ ‘ನಕ್ಷತ್ರ’, ಕೊನೆಗೆ ಹುಚ್ಚ. ಮನೆ ಬಿತ್ತು, ಆದರೆ ನೀರಿನ ಹತ್ತಿರ ಕೂತು ಮನಸ್ಸು ತಿಳಿಯಾಯಿತು, ಅದಕ್ಕೇ ಗಂಟು ಹೊತ್ತು ಹೊರಟ. ಈಗ ಸಾಲನ್ನು ತಿರುಗಿಸಿ. ಗಂಟು ಹೊತ್ತು ಹೊರಟ, ಆದರೆ ಕೊಳದ ಬಳಿ ಮೈಮರೆತು ಕೂತ, ಅದಕ್ಕೇ ಊರು ತಲುಪುವ ಹೊತ್ತಿಗೆ ಸಿಡಿಲು ಬಡಿದಾಗಿತ್ತು. ಎಲೆಗಳು ಅವೇ, ಕಥೆ ಬೇರೆ.

ಗೊತ್ತಿರುವ ಕಥೆಗೆ ಕಾರ್ಡು ಹುಡುಕುವುದು ನನಗೆ ಎಲ್ಲಕ್ಕಿಂತ ಇಷ್ಟ. ಹರಿಶ್ಚಂದ್ರನ ಕಥೆ ಇಟ್ಟು ನೋಡಿ. ಸಿಂಹಾಸನದ ಮೇಲೆ ಕೂತ ‘ಚಕ್ರವರ್ತಿ’ ಮೊದಲು. ರಾಜ್ಯ ಬಿಟ್ಟು ಹೊರಟಾಗ ‘ನಾಣ್ಯ ಐದು’. ಅದರಲ್ಲಿ ಹರಕು ಬಟ್ಟೆಯ ಇಬ್ಬರು ಹಿಮದಲ್ಲಿ ನಡೆಯುತ್ತಿದ್ದಾರೆ, ಮೇಲೆ ಬೆಳಕಿರುವ ಬಣ್ಣದ ಗಾಜಿನ ಕಿಟಕಿ. ಕಾಶಿಯಲ್ಲಿ ಹಿಮ ಇಲ್ಲ ನಿಜ. ಆದರೆ ಬೆಳಕು ಒಳಗಿದ್ದು ನಾವು ಹೊರಗಿರುವ ಹೊಟ್ಟೆಯ ಸಂಕಟ ಚಂದ್ರಮತಿಗೂ ಅದೇ ಅಲ್ವಾ? ಹೀಗೆ ಇಟ್ಟ ಮೇಲೆ ನಾಣ್ಯ ಐದು ನನಗೆ ಮತ್ತೆ ಮರೆತಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಾಳೆ ಏನಾಗುತ್ತದೆ ಅಂತ ಕಾರ್ಡಿಗೆ ಗೊತ್ತಿದೆ ಎಂದು ನಾನು ಹೇಳುವುದಿಲ್ಲ. ಎದುರು ಕೂತವರ ಕಾಯಿಲೆ, ಸಾವಿನ ಬಗ್ಗೆ ಕಥೆ ಕಟ್ಟಬೇಡಿ. ಅವರು ಅದನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾರೆ, ರಾತ್ರಿ ನಿದ್ದೆ ಬರುವುದಿಲ್ಲ. ಕಥೆಯನ್ನು ಅವರೇ ಹೇಳಲಿ, ನೀವು ಹೂಂಗುಟ್ಟಿ.

ಕೊನೆಗೆ ಇನ್ನೊಂದು ಚಿತ್ರ. ‘ಕತ್ತಿ ಆರು’. ಒಂದು ದೋಣಿ. ಮೈತುಂಬಾ ಹೊದ್ದು ಕುಗ್ಗಿ ಕೂತ ಹೆಂಗಸು, ಪಕ್ಕದಲ್ಲಿ ಮಗು, ಹಿಂದೆ ಗಳ ಹಾಕುತ್ತಿರುವ ದೋಣಿಯವನು. ಮೂವರ ಬೆನ್ನೂ ನಮ್ಮ ಕಡೆಗೆ. ದೋಣಿಯ ಮುಂಭಾಗದಲ್ಲಿ ಆರು ಕತ್ತಿಗಳು ನೆಟ್ಟಗೆ ನಿಂತಿವೆ. ಒಂದು ಪಕ್ಕದ ನೀರು ಅಲೆಯಾಡುತ್ತಿದೆ, ಇನ್ನೊಂದು ಪಕ್ಕದ್ದು ಸ್ತಬ್ಧ. ದೂರದಲ್ಲಿ ದಡ.

ಇದನ್ನು ಅಕ್ಕನ ಒಂಬತ್ತು ವರ್ಷದ ಮಗನಿಗೆ ತೋರಿಸಿದೆ. “ಕತ್ತಿ ಕೀಳಬಾರದು ಚಿಕ್ಕಮ್ಮ, ತೂತಾಗಿ ನೀರು ಬರುತ್ತೆ” ಅಂದ. ಆಮೇಲೆ ತುಂಬಾ ಹೊತ್ತು ನೋಡಿ ಕೇಳಿದ, “ದೋಣಿಯವನಿಗೆ ದುಡ್ಡು ಕೊಟ್ಟಿದ್ದಾರಾ?”

ಇಷ್ಟು ವರ್ಷದಲ್ಲಿ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ನೀವು ಅಲ್ಲಿಂದಲೇ ಶುರು ಮಾಡಿ. ಆ ತಾಯಿಯ ಹತ್ತಿರ ಕೊಡಲು ಏನಿತ್ತು? ದೋಣಿಯವನು ಏನು ಕೇಳಿದ? ರಾತ್ರಿ ಊಟ ಆದ ಮೇಲೆ ಮನೆಯವರಿಗೆ ಹೇಳಿ, ಯಾರಾದರೂ ಒಬ್ಬರು ಹೂಂಗುಟ್ಟಲಿ. ನಮಸ್ಕಾರ.