ಮಂಗಳವಾರ ಸಂಜೆ ಏಳೂವರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಚಾಮರಾಜಪೇಟೆಯಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇದೆ. ಅಪ್ಪ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದ್ದು. ಈಗ ಆಫ್‌ಸೆಟ್ ಯಂತ್ರ ಬಂದಿದೆ. ಮದುವೆ ಕಾರ್ಡು, ಬಿಲ್ ಪುಸ್ತಕ, ರಾಜ್ಯೋತ್ಸವದ ಕರಪತ್ರ, ಬಂದದ್ದನ್ನೆಲ್ಲ ಅಚ್ಚು ಹಾಕುತ್ತೇವೆ. ಸೇವಾ ಕ್ಲಬ್ಬುಗಳ ಪರಿಚಯ ನನಗಾದದ್ದು ಅವರ ಸೇವೆಯಿಂದಲ್ಲ, ಅವರ ಆಹ್ವಾನ ಪತ್ರಿಕೆಯಿಂದ.

ಜೂನ್ ತಿಂಗಳು ಬಂದರೆ ನಮಗೆ ಸುಗ್ಗಿ. ರೋಟರಿ ಇರಲಿ, ಲಯನ್ಸ್ ಇರಲಿ, ಅವರ ವರ್ಷ ಶುರುವಾಗುವುದು ಜುಲೈ 1ಕ್ಕೆ. ಹೊಸ ಅಧ್ಯಕ್ಷರು, ಹೊಸ ಕಾರ್ಯದರ್ಶಿ, ಹೊಸ ಖಜಾಂಚಿ. ಹಾಗಾಗಿ ಹೊಸ ಲೆಟರ್‌ಹೆಡ್, ಹೊಸ ವಿಸಿಟಿಂಗ್ ಕಾರ್ಡು, ಪದಗ್ರಹಣದ ಕಾರ್ಡು. ಆ ಕಾರ್ಡಿನಲ್ಲಿ ಹೆಸರುಗಳದ್ದೇ ಜಾತ್ರೆ. ಹೆಸರಿಗೆ ಮುಂಚೆ ರೊಟೇರಿಯನ್ ಅಥವಾ ಲಯನ್. ಹೆಸರಾದ ಮೇಲೆ ಪಿಎಚ್‌ಎಫ್ ಅಥವಾ ಎಂಜೆಎಫ್. ಪಾಲ್ ಹ್ಯಾರಿಸ್ ಫೆಲೊ, ಮೆಲ್ವಿನ್ ಜೋನ್ಸ್ ಫೆಲೊ ಅಂತ. ಎರಡೂ ಆಯಾ ಸಂಸ್ಥೆಯ ಸ್ಥಾಪಕರ ಹೆಸರಿನಲ್ಲಿ, ತಲಾ ಒಂದು ಸಾವಿರ ಡಾಲರ್ ದೇಣಿಗೆಗೆ ಸಿಗುವ ಗೌರವ. ಒಂದು ಸಲ ಒಬ್ಬರ ಹೆಸರಿನ ಪಕ್ಕ ಆ ಮೂರಕ್ಷರ ಬಿಟ್ಟುಹೋಯಿತು. ಐನೂರು ಕಾರ್ಡು ಮತ್ತೆ ಹೊಡೆಯಬೇಕಾಯಿತು. ಕಾಗದದ ಖರ್ಚು ನನ್ನ ತಲೆಗೇ ಬಂತು. ಇವರ ಸೇವೆಯೆಲ್ಲ ಕಾರ್ಡಿನಲ್ಲೇ ಮುಗಿಯುತ್ತದೆ ಅಂತ ಅವತ್ತು ಬೈದುಕೊಂಡಿದ್ದೆ.

ಅಂಥವನು ಈಗ ಹನ್ನೊಂದು ವರ್ಷದಿಂದ ಒಂದು ಕ್ಲಬ್ಬಿನ ಸದಸ್ಯ. ಯಾವ ಕ್ಲಬ್ಬು ಅಂತ ಹೇಳುವುದಿಲ್ಲ. ಇಲ್ಲಿ ಹೇಳಿಬಿಟ್ಟರೆ ಮಿಕ್ಕ ಕ್ಲಬ್ಬಿನವರು ನಾಳೆಯಿಂದ ಬೇರೆ ಪ್ರೆಸ್ಸಿಗೆ ಹೋಗುತ್ತಾರೆ.

ನನ್ನನ್ನು ಎಳೆದುಕೊಂಡು ಹೋದವರು ಒಬ್ಬ ನಿವೃತ್ತ ಮೇಷ್ಟ್ರು. ಪ್ರೂಫ್ ನೋಡಲು ಅವರೇ ಬರುತ್ತಿದ್ದರು. ಒತ್ತಕ್ಷರ ತಪ್ಪಿದ್ದರೂ ಬಿಡುತ್ತಿರಲಿಲ್ಲ. "ಸುಮ್ನೆ ಒಂದು ಮಂಗಳವಾರ ಬನ್ನಿ ಸ್ವಾಮಿ. ಇಷ್ಟ ಆಗಲಿಲ್ಲ ಅಂದ್ರೆ ಇಡ್ಲಿ ವಡೆ ತಿಂದು ಎದ್ದುಹೋಗಿ" ಅಂದರು. ಹೋದೆ. ತಿಂಗಳಿಗೆ ಎರಡು ಮಂಗಳವಾರ, ಸಂಜೆ ಏಳೂವರೆಗೆ ಸಭೆ. ಅಧ್ಯಕ್ಷರು ಗಂಟೆ ಬಾರಿಸಿದರು. ಹುಟ್ಟುಹಬ್ಬದವರಿಗೆ ಚಪ್ಪಾಳೆ. ಯಾರೋ ಬಂದು ಮಧುಮೇಹದ ಬಗ್ಗೆ ಮಾತಾಡಿದರು, ಆಮೇಲೆ ಎಲ್ಲರೂ ಜಾಮೂನು ತಿಂದೆವು. ತಡವಾಗಿ ಬಂದವರಿಗೆ ದಂಡ. ಲಯನ್ಸ್‌ನಲ್ಲಿ ಹೀಗೆ ಕೀಟಲೆ ಮಾಡುತ್ತಾ ದಂಡ ವಸೂಲು ಮಾಡುವವರಿಗೆ ಟೇಲ್ ಟ್ವಿಸ್ಟರ್ ಅಂತ ಪದವಿಯೇ ಇದೆ. ಸಿಂಹದ ಬಾಲ ತಿರುಚುವವರು! ನಮ್ಮಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಬರುವ ಒಬ್ಬರು ವರ್ಷದ ದಂಡವನ್ನು ಮುಂಗಡವಾಗಿಯೇ ಕಟ್ಟಿಬಿಡುತ್ತಿದ್ದರು.

ಮೊದಲ ಆರು ತಿಂಗಳು ನನಗೆ ಬೇಜಾರೇ ಆಯಿತು. ಕೆಲಸ ಯಾವಾಗ ಮಾಡುತ್ತೀರಿ, ಬರೀ ಸಭೆ ಮಾಡುತ್ತೀರಲ್ಲ ಅಂತ ಮೇಷ್ಟ್ರನ್ನು ಕೇಳಿದೆ. ಅವರು ರೋಟರಿ ಹುಟ್ಟಿದ ಕಥೆ ಶುರು ಮಾಡಿದರು. 1905ರ ಫೆಬ್ರುವರಿ 23ರಂದು ಶಿಕಾಗೋದಲ್ಲಿ ನಾಲ್ಕು ಜನ ಒಂದು ಆಫೀಸಿನಲ್ಲಿ ಸೇರಿದರು. ಪಾಲ್ ಹ್ಯಾರಿಸ್ ವಕೀಲ. ಇನ್ನೊಬ್ಬ ಕಲ್ಲಿದ್ದಲು ವ್ಯಾಪಾರಿ, ಇನ್ನೊಬ್ಬ ಗಣಿ ಇಂಜಿನಿಯರ್, ಮತ್ತೊಬ್ಬ ಬಟ್ಟೆ ಹೊಲಿಸುವ ಅಂಗಡಿಯವನು. ಒಂದೊಂದು ವಾರ ಒಬ್ಬೊಬ್ಬರ ಆಫೀಸಿನಲ್ಲಿ ಸರದಿಯಂತೆ ಸೇರುತ್ತಿದ್ದರು. ಆ ಸರದಿಯಿಂದಲೇ ರೋಟರಿ ಅಂತ ಹೆಸರು ಬಂತು. ಐದನೆಯವನಾಗಿ ಬಂದವನು ಹ್ಯಾರಿ ರಗಲ್ಸ್. "ಅವನು ಏನು ಕೆಲಸ ಮಾಡ್ತಿದ್ದ ಹೇಳಿ ನೋಡೋಣ?" ಅಂತ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಪ್ರೆಸ್ ನಡೆಸುತ್ತಿದ್ದನಂತೆ. ನನಗೆ ಸ್ವಲ್ಪ ಎದೆಯುಬ್ಬಿತು, ಸುಳ್ಳು ಯಾಕೆ ಹೇಳಲಿ.

ಆ ರೋಟರಿಯವರು ಊರಿಗೆ ಮಾಡಿದ ಮೊದಲ ಕೆಲಸ ಏನು ಗೊತ್ತೇ? 1907ರಲ್ಲಿ, ಶಿಕಾಗೋದ ಸಾರ್ವಜನಿಕ ಶೌಚಾಲಯಕ್ಕಾಗಿ ಓಡಾಡಿದ್ದು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೆ.ಆರ್. ಮಾರ್ಕೆಟ್ಟಿಗೆ ಹಬ್ಬದ ಸಾಮಾನು ತರಲು ಹೋದವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಮೇಷ್ಟ್ರ ಮಾತು ಇದ್ದದ್ದು ಆ ನಾಲ್ಕು ಕಸುಬುಗಳ ಬಗ್ಗೆ. ಬೇರೆಬೇರೆ ಕಸುಬಿನವರು ಒಂದೇ ಮೇಜಿಗೆ ಕೂತರೆ ಏನಾಗುತ್ತದೆ ಅನ್ನುವುದು ನನಗೆ ತಿಳಿದದ್ದು ಕಣ್ಣಿನ ಶಿಬಿರದಲ್ಲಿ. ಕಣ್ಣಿಗೂ ಈ ಕ್ಲಬ್ಬುಗಳಿಗೂ ಹಳೆಯ ನಂಟು. 1925ರಲ್ಲಿ ಹೆಲೆನ್ ಕೆಲರ್ ಲಯನ್ಸ್ ಸಮಾವೇಶಕ್ಕೆ ಬಂದು, ಕುರುಡರ ಪರವಾಗಿ ನಿಲ್ಲಿ ಅಂತ ಕೇಳಿಕೊಂಡರು. ಆವತ್ತಿನಿಂದ ಕಣ್ಣಿನ ಕೆಲಸ ಅವರದ್ದು ಅನ್ನುವಷ್ಟಾಗಿದೆ. ನಮ್ಮದು ಮಾಗಡಿ ರಸ್ತೆಯ ಆಚೆ ಒಂದು ಹಳ್ಳಿಯಲ್ಲಿ ನಡೆದ ಚಿಕ್ಕ ಶಿಬಿರ. ಡಾಕ್ಟರು ರೆಡಿ, ಆಸ್ಪತ್ರೆಯೂ ರೆಡಿ. ಪೊರೆಯ ಆಪರೇಷನ್ ಮಾಡಿಸಿಕೊಳ್ಳಿ ಅಂದರೆ ಅಜ್ಜಿಯರು ಬರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು? ವಾಪಸ್ ಬಿಡುವವರು ಯಾರು? ಮಗ ಕೂಲಿ ಬಿಟ್ಟು ಬರಬೇಕು, ಅಲ್ವಾ? ಅಲ್ಲಿ ಕೆಲಸಕ್ಕೆ ಬಂದವರು ನಮ್ಮ ಟ್ರಾವೆಲ್ಸ್‌ನವರು. ಟೆಂಪೋ ಟ್ರಾವೆಲರ್ ಕಳಿಸಿದರು. ಹೋಟೆಲಿನವರು ಊಟ ಕಳಿಸಿದರು. ಬ್ಯಾಂಕಿನಿಂದ ನಿವೃತ್ತರಾದ ಮೇಡಂ ಒಬ್ಬರು ಎಲ್ಲರ ಹೆಸರು ಬರೆದುಕೊಂಡು, ಮರುದಿನ ಯಾರನ್ನು ಮತ್ತೆ ತೋರಿಸಬೇಕು, ವಾರ ಬಿಟ್ಟು ಯಾರನ್ನು ಕರೆತರಬೇಕು ಅಂತ ಲೆಕ್ಕ ಇಟ್ಟರು. ಈ ಮೂವರೂ ಒಬ್ಬರಿಗೊಬ್ಬರು ಗುರುತಾದದ್ದು ಆ ಬೇಜಾರಿನ ಮಂಗಳವಾರಗಳಲ್ಲೇ. ಒಂದು ಫೋನಿನಲ್ಲಿ ಕೆಲಸ ಮುಗಿಯಿತು.

ನಾನೇನು ಮಾಡಿದೆ ಅಂತೀರಾ? ಆಪರೇಷನ್ ಆದ ಮೇಲೆ ದಿನಕ್ಕೆ ಎಷ್ಟು ಸಲ ಯಾವ ಹನಿ ಹಾಕಬೇಕು ಅಂತ ಒಂದು ಚೀಟಿ ಅಚ್ಚು ಹಾಕಿಸಿದೆ. ಕಾಗದ ಉಳಿಯಲಿ ಅಂತ ಹತ್ತು ಪಾಯಿಂಟಿನ ಸಣ್ಣ ಅಕ್ಷರ. ಮೇಷ್ಟ್ರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಕ್ಕರು. "ಪೊರೆ ಬಂದವರಿಗೆ ಇದನ್ನು ಓದಿಸ್ತೀರೇನ್ರೀ?" ಅಂದರು. ನಾಚಿಕೆಯಾಯಿತು. ಮುಂದಿನ ಸಲ ಅಂಗೈಯಗಲದ ಚಿತ್ರ ಹಾಕಿದೆ. ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಮುಳುಗುವ ಸೂರ್ಯ, ಚಂದ್ರ. ಪ್ರತಿಯೊಂದರ ಪಕ್ಕ ಒಂದು ಹನಿ. ಓದು ಬಾರದವರೂ ಹಿಡಿದುಕೊಂಡು ಹೋದರು. ಮೂವತ್ತು ವರ್ಷದ ಕಸುಬಿನಲ್ಲಿ ನಾನು ಮಾಡಿದ ಒಳ್ಳೆಯ ಅಚ್ಚು ಅದೇ ಇರಬೇಕು.

ಇನ್ನೊಂದು ಪೋಲಿಯೊ ಭಾನುವಾರ. 1985ರಿಂದ ರೋಟರಿ ಈ ಕೆಲಸ ಹಿಡಿದಿದೆ. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎಲ್ಲರೂ ಸೇರಿ ಮಾಡಿದ್ದು. ನಮ್ಮ ದೇಶದಲ್ಲಿ ಕೊನೆಯದಾಗಿ ಪೋಲಿಯೊ ಕಾಣಿಸಿದ್ದು 2011ರ ಜನವರಿ 13ರಂದು, ಹೌರಾದ ಒಂದು ಮಗುವಿನಲ್ಲಿ. 2014ರ ಮಾರ್ಚ್ 27ಕ್ಕೆ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಹೋಯಿತಲ್ಲ, ಇನ್ನೂ ಯಾಕೆ ಹನಿ ಅಂತ ತಾಯಂದಿರು ಕೇಳುತ್ತಾರೆ. ಪಕ್ಕದ ಪಾಕಿಸ್ತಾನ, ಆಫ್ಘಾನಿಸ್ತಾನಗಳಿಂದ ಅದು ಹೋಗಿಲ್ಲ ತಾಯಿ, ಅದಕ್ಕೇ ಅಂತ ಹೇಳಬೇಕು.

ಬೂತಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಲಸಿಕೆಯ ಸೀಸೆಯ ಮೇಲಿನ ಗುರುತು. ಒಂದು ವೃತ್ತ, ಒಳಗೊಂದು ಚೌಕ. ಸೀಸೆಗೆ ಶಾಖ ತಗುಲಿದಷ್ಟೂ ಒಳಗಿನ ಚೌಕ ಕಪ್ಪಾಗುತ್ತಾ ಬರುತ್ತದೆ. ವೃತ್ತದ ಬಣ್ಣಕ್ಕೆ ಸಮವಾದರೆ ಆ ಸೀಸೆ ಬಿಸಾಡಬೇಕು. ಇಂಥ ಇಂಕು ನನ್ನ ಪ್ರೆಸ್ಸಿಗೆ ಸಿಗಬಾರದೇ ಅಂತ ಆಸೆಯಾಯಿತು. ಸಾಲದವರ ಬಿಲ್ಲಿಗೆ ಹಾಕಬಹುದಿತ್ತು!

ಬೂತು ಸುಲಭ. ಎಡಗೈ ಕಿರುಬೆರಳಿಗೆ ಮಸಿ, ಒಂದು ಫೋಟೋ, ಮನೆಗೆ. ಕಷ್ಟ ಇರುವುದು ಆಮೇಲಿನ ದಿನಗಳಲ್ಲಿ. ಆರೋಗ್ಯ ಇಲಾಖೆಯವರು ಮನೆಮನೆಗೆ ಹೋಗಿ ಬಾಗಿಲ ಪಕ್ಕ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಾರೆ. ಮಕ್ಕಳಿಗೆಲ್ಲ ಹನಿ ಬಿದ್ದಿದ್ದರೆ "ಪಿ", ಉಳಿದಿದ್ದರೆ "ಎಕ್ಸ್". ಎಕ್ಸ್ ಮನೆಗೆ ಮತ್ತೆ ಹೋಗಬೇಕು. ಕಟ್ಟಡ ಕಟ್ಟುವಲ್ಲಿ ತಗಡಿನ ಶೆಡ್ಡಿರುತ್ತದಲ್ಲ, ಯಾದಗಿರಿ ರಾಯಚೂರು ಕಡೆಯವರು ಇರುತ್ತಾರೆ. ಅಲ್ಲಿ ಬಾಗಿಲೂ ಸರಿಯಾಗಿ ಇರುವುದಿಲ್ಲ, ಎಕ್ಸ್ ಬರೆಯುವುದೆಲ್ಲಿ? "ಕೂಸು ಮಲಗ್ಯದ ರೀ, ಸಂಜಿ ಮುಂದ ಬರ್ರಿ" ಅನ್ನುತ್ತಾರೆ. ಸಂಜೆ ಮತ್ತೆ ಹೋಗಬೇಕು. ಆ ಸಂಜೆಗೆ ನಮ್ಮವರಲ್ಲಿ ಬಂದದ್ದು ನಾವು ಇಬ್ಬರು. ಫೋಟೋ ತೆಗೆಯುವವರು ಯಾರೂ ಇರಲಿಲ್ಲ.

ಈಗ ನಮ್ಮ ತಪ್ಪೊಂದನ್ನು ಹೇಳಬೇಕು. ಒಂದು ಸರ್ಕಾರಿ ಶಾಲೆಗೆ ನೀರು ಶುದ್ಧ ಮಾಡುವ ಯಂತ್ರ ಕೊಟ್ಟೆವು. ಹಾರ, ಶಾಲು, ಭಾಷಣ ಎಲ್ಲ ಆಯಿತು. ಗ್ರಾನೈಟ್ ಫಲಕದಲ್ಲಿ ನಮ್ಮ ಹೆಸರುಗಳು. ಜುಲೈ ಬಂತು, ಅಧ್ಯಕ್ಷರು ಬದಲಾದರು. ಹೊಸಬರು ಗಿಡ ನೆಡುವ ಯೋಜನೆ ಹಾಕಿಕೊಂಡರು. ಅದರ ಮುಂದಿನ ವರ್ಷ ಬೇರೇನೋ ಕೆಲಸದ ಮೇಲೆ ನಾನು ಆ ಶಾಲೆಗೆ ಹೋದೆ. ಯಂತ್ರದ ಮೇಲೆ ಹಳೆ ಸೀರೆ ಹೊದಿಸಿ, ಅದರ ಮೇಲೊಂದು ಪ್ಲಾಸ್ಟಿಕ್ ಹೂದಾನಿ ಇಟ್ಟಿದ್ದರು. ಬಿಸಿಯೂಟದ ಅಡುಗೆ ಮಾಡುವ ಅಮ್ಮ ಹೇಳಿದರು: "ಕೆಟ್ಟು ಆರು ತಿಂಗಳಾಯ್ತು ಸಾರ್. ಒಳಗಿನ ಫಿಲ್ಟರ್ ಬದಲಾಯಿಸಬೇಕಂತೆ. ಯಾರಿಗೆ ಹೇಳೋದು ಗೊತ್ತಾಗಲಿಲ್ಲ. ಕಲ್ಲಿನ ಮೇಲೆ ನಿಮ್ಮೆಲ್ಲರ ಹೆಸರಿದೆ, ಫೋನ್ ನಂಬರ್ ಇಲ್ಲ."

ಆ ಮಂಗಳವಾರದ ಸಭೆಯಲ್ಲಿ ಜಗಳವೇ ಆಯಿತು. ಹಳೆಯ ಅಧ್ಯಕ್ಷರ ಕೆಲಸ ಹೊಸಬರಿಗೆ ಬೇಡ, ಹೊಸಬರಿಗೆ ತಮ್ಮದೇ ಹೆಸರಿನದ್ದು ಬೇಕು. ವರ್ಷಕ್ಕೊಮ್ಮೆ ಕುರ್ಚಿ ಬದಲಾಗುವುದು ಒಳ್ಳೆಯದೇ, ಯಾರೂ ಅದಕ್ಕೆ ಅಂಟಿಕೊಳ್ಳುವುದಿಲ್ಲ. ಆದರೆ ಯಂತ್ರಕ್ಕೆ ಜುಲೈ ಗೊತ್ತಿಲ್ಲವಲ್ಲ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಇಂಥ ಕೆಲಸಗಳಿಗೆ ಮೂರು ಜನರ ಸಮಿತಿ, ಮೂರು ವರ್ಷಕ್ಕೆ. ಅಧ್ಯಕ್ಷರು ಯಾರೇ ಆಗಲಿ, ಅದು ಅಲುಗಾಡಬಾರದು.

ಹಾಗಾಗಿ ಯಾವ ಕ್ಲಬ್ಬಿಗೆ ಸೇರಲಿ ಅಂತ ನೀವು ಕೇಳಿದರೆ, ನಾನು ಹೇಳುವುದು ಒಂದೇ. ಹೋದ ವರ್ಷ ಕೊಟ್ಟದ್ದು ಈ ವರ್ಷ ಹೇಗಿದೆ ಅಂತ ಅವರನ್ನು ಕೇಳಿ. ಉತ್ತರ ಬರದಿದ್ದರೆ ಇಡ್ಲಿ ತಿಂದು ಎದ್ದು ಬನ್ನಿ.

ಸೇರುವುದೇನೂ ಕಷ್ಟವಲ್ಲ. ಅತಿಥಿಯಾಗಿ ಎರಡು ಮೂರು ಸಭೆಗೆ ಹೋಗಿ. ಒಬ್ಬ ಸದಸ್ಯರು ನಿಮ್ಮ ಹೆಸರು ಸೂಚಿಸಬೇಕು. ವರ್ಷದ ಶುಲ್ಕ ಎಷ್ಟು, ಅದರ ಮೇಲೆ ಆಗಾಗ ಎತ್ತುವ ಚಂದಾ ಎಷ್ಟು ಅಂತ ಸಂಕೋಚಪಡದೆ ಮೊದಲೇ ಕೇಳಿಕೊಳ್ಳಿ. ಮನೆಗೆ ಹತ್ತಿರದ ಕ್ಲಬ್ಬು ನೋಡಿ. ವೈಟ್‌ಫೀಲ್ಡಿನಲ್ಲಿದ್ದು ಬಸವನಗುಡಿಯ ಕ್ಲಬ್ಬಿಗೆ ಸೇರಿದರೆ ನೀವು ಸೇವೆ ಮಾಡುವುದು ಬರೀ ಟ್ರಾಫಿಕ್ಕಿಗೆ. ಇಂಗ್ಲಿಷ್ ಬರಬೇಕಾ ಅಂತ ಕೆಲವರಿಗೆ ಅಳುಕು. ಬೆಂಗಳೂರಿನ ಮೊದಲ ರೋಟರಿ ಕ್ಲಬ್ಬು ಶುರುವಾದದ್ದು 1934ರಲ್ಲಿ, ಆಗಿನ ಕಾಲವೇ ಬೇರೆ. ನಮ್ಮ ಸಭೆ ಕನ್ನಡದಲ್ಲೇ ನಡೆಯುತ್ತದೆ, ಹುಡುಕಿದರೆ ನಿಮ್ಮ ಬಡಾವಣೆಯಲ್ಲೂ ಸಿಗಬಹುದು. ಹೆಂಗಸರಿಗೆ ರೋಟರಿಯ ಬಾಗಿಲು ಪೂರ್ತಿ ತೆರೆದದ್ದು 1989ರಲ್ಲಿ. ಇಷ್ಟು ತಡವಾಗಿ ಅಂತ ಕೇಳಿ ನನ್ನ ಹೆಂಡತಿ ಒಂದು ನೋಟ ಬಿಟ್ಟಳು, ಅದಕ್ಕೆ ಸಮಾಧಾನ ನನ್ನ ಹತ್ತಿರ ಇರಲಿಲ್ಲ. ಮಕ್ಕಳಿಗೆ ರೋಟರಿಯ ಇಂಟರಾಕ್ಟ್, ಲಯನ್ಸ್‌ನ ಲಿಯೊ ಕ್ಲಬ್ಬುಗಳಿವೆ, ಹದಿನೆಂಟು ದಾಟಿದವರಿಗೆ ರೋಟರಾಕ್ಟ್ ಇದೆ.

ಆ ಶಾಲೆಯ ಯಂತ್ರ ಈಗ ಓಡುತ್ತಿದೆ. ಅದರ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿದ್ದೇವೆ. ಫಿಲ್ಟರ್ ಬದಲಾಯಿಸಿದ ದಿನಾಂಕಕ್ಕೆ ಒಂದೊಂದು ಗೆರೆ, ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಫೋನ್ ನಂಬರ್. ಕ್ಲಬ್ಬಿನ ಹೆಸರಿಲ್ಲ, ಜಾಗ ಸಾಲಲಿಲ್ಲ ಅಂತ ಸಭೆಯಲ್ಲಿ ಹೇಳಿದ್ದೇನೆ. ಹೋದ ವಾರ ಅಡುಗೆ ಅಮ್ಮನ ಫೋನ್ ಬಂತು. ನನಗೆ ಗಾಬರಿ. "ಕೆಟ್ಟೋಯ್ತಾ ಅಮ್ಮಾ?" ಅಂದೆ. "ಇಲ್ಲ ಸಾರ್, ಗೆರೆ ಎಲ್ಲಾ ತುಂಬೋಯ್ತು. ಇನ್ನೊಂದು ಸ್ಟಿಕ್ಕರ್ ಕಳಿಸಿಕೊಡಿ" ಅಂದರು.

ನಾಳೆ ಬೆಳಗ್ಗೆ ಅದನ್ನು ಅಚ್ಚಿಗೆ ಹಾಕಬೇಕು. ಬರುತ್ತೇನೆ, ನಮಸ್ಕಾರ.