ಅಟ್ಟದ ಕ್ಯಾಸೆಟ್ಟು, ಮೂಲೆಯ ಕಂಪ್ಯೂಟರು

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಕೇಳುತ್ತದೆ; ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನದೋ ಅದರ ನಂತರದ್ದೋ ಇರಬೇಕು. ಹೀಗಾಗಿ ಹತ್ತು-ಹನ್ನೆರಡು ವರ್ಷದ ಹಿಂದೆ ಕೊಂಡ ಡೆಸ್ಕ್‌ಟಾಪುಗಳು ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮೂಲೆ ಸೇರುತ್ತಿವೆ. ಗುಜರಿಗೆ ಹಾಕುವ ಮುಂಚೆ ಅದರ ಹಿಂಬದಿಯನ್ನು ಒಮ್ಮೆ ನೋಡಿರಿ. ಬಣ್ಣದ ಮೂರು ತೂತು ಸಾಲಾಗಿ ಇರುತ್ತವೆ. ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಲೈನ್ ಇನ್. ಹೊರಗಿನ ಧ್ವನಿಯನ್ನು ಎಡ-ಬಲ ಎರಡೂ ಚಾನೆಲ್‌ಗಳಲ್ಲಿ, ಸರಿಯಾದ ಮಟ್ಟದಲ್ಲಿ ಒಳಗೆ ತೆಗೆದುಕೊಳ್ಳುವ ಆ ನೀಲಿ ತೂತು ಇವತ್ತಿನ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಆ ಕಂಪ್ಯೂಟರಿಗೆ ಇನ್ನೂ ದೊಡ್ಡ ಕೆಲಸವೊಂದು ಬಾಕಿ ಇದೆ.

ನಮ್ಮ ಭಾಗದಲ್ಲಿ ಅಂಥ ಟ್ರಂಕುಗಳಿಗೆ ಕಡಿಮೆ ಇಲ್ಲ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದ ನಿಲಯ. ರೇಡಿಯೊ ಮುಂದೆ ಕೂತು ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಗಾಯನವನ್ನು ಟೇಪ್ ಮಾಡಿಕೊಂಡ ಮನೆಗಳಿವೆ. ಗದಗದ ವೀರೇಶ್ವರ ಪುಣ್ಯಾಶ್ರಮದ ಕಾರ್ಯಕ್ರಮ, ಹಾವೇರಿ ಕಡೆಯ ಭಜನೆ ಮೇಳಗಳ ತತ್ವಪದ, ಮದುವೆಯ ಸೋಬಾನೆ, ಅಜ್ಜಿ ಹಾಡಿದ ಬೀಸುವ ಪದ ಎಲ್ಲವೂ ಅವುಗಳಲ್ಲಿ ಇರುತ್ತವೆ. ಅಂಗಡಿಯಲ್ಲಿ ಮಾರಿದ ಕ್ಯಾಸೆಟ್ಟಿನ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಮನೆಯಲ್ಲಿ ಧ್ವನಿಮುದ್ರಿಸಿದ್ದಕ್ಕೆ ಇನ್ನೊಂದು ಪ್ರತಿ ಇಲ್ಲ. ಆದ್ದರಿಂದ ಕೆಲಸವನ್ನು ಅದರಿಂದಲೇ ಶುರು ಮಾಡಬೇಕು.

ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ ಹೊರತಂದದ್ದು 1963ರಲ್ಲಿ. ಚೆನ್ನಾಗಿ ಇಟ್ಟಿದ್ದರೆ ನಲವತ್ತು ವರ್ಷದ ಟೇಪು ಇವತ್ತಿಗೂ ಹಾಡುತ್ತದೆ. ಮೊದಲು ಕೈಕೊಡುವುದು ಅದನ್ನು ನುಡಿಸುವ ಯಂತ್ರ. ವಿಡಿಯೊ ಕ್ಯಾಸೆಟ್ಟಿನ ಮಾತು ಬಂದರಂತೂ, ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಆಡಿಯೊ ಡೆಕ್ಕಿನ, ಅಂದರೆ ಹಾಡಿನ ಕ್ಯಾಸೆಟ್ ನುಡಿಸುವ ಯಂತ್ರದ ಬಿಡಿಭಾಗ, ಅದನ್ನು ಬಿಚ್ಚಿ ಜೋಡಿಸಬಲ್ಲ ಕೈ, ಎರಡೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಕ್ಯಾಸೆಟ್ ಆಕಾರದ ಅಗ್ಗದ ಯುಎಸ್‌ಬಿ ಪ್ಲೇಯರ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ; ಅವುಗಳಲ್ಲಿ ಹೆಚ್ಚಿನವುಗಳ ಮೋಟಾರು ಒಂದೇ ವೇಗದಲ್ಲಿ ತಿರುಗುವುದಿಲ್ಲ, ಸ್ವರ ನಡುಗುತ್ತದೆ. ಶಾಸ್ತ್ರೀಯ ಸಂಗೀತಕ್ಕೆ ಅವು ಬೇಡ. ಹಳೆಯ ಒಳ್ಳೆಯ ಡೆಕ್ಕನ್ನು ರಿಪೇರಿ ಮಾಡಿಸಿಕೊಳ್ಳುವುದೇ ಲೇಸು.

ಡೆಕ್ಕಿನಲ್ಲಿ ಸಾಮಾನ್ಯವಾಗಿ ಕೆಡುವುದು ರಬ್ಬರ್ ಬೆಲ್ಟು. ಹಿಗ್ಗಿ ಸಡಿಲಾದರೆ ವೇಗ ಕುಸಿಯುತ್ತದೆ, ಕೆಲವು ಬೆಲ್ಟುಗಳು ಕರಗಿ ಡಾಂಬರಿನ ಹಾಗೆ ಅಂಟುತ್ತವೆ. ಹಳೆಯದನ್ನು ಪೂರ್ತಿ ತೆಗೆದು, ಬೆಲ್ಟು ಸುತ್ತಿಕೊಳ್ಳುವ ಪುಲಿ ಗಾಲಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಅದೇ ಅಳತೆಯ ಹೊಸ ಬೆಲ್ಟು ಹಾಕಿಸಿರಿ. ಟೇಪು ಉಜ್ಜಿಕೊಂಡು ಹೋಗುವ ಹೆಡ್ಡು ಮತ್ತು ಅದರ ಪಕ್ಕದಲ್ಲಿ ತಿರುಗುವ ತೆಳು ಲೋಹದ ದಂಡವನ್ನೂ ಅದೇ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ, ಕಂದು ಬಣ್ಣ ಬರುವುದು ನಿಲ್ಲುವವರೆಗೆ ಒರೆಸಬೇಕು. ರಬ್ಬರ್ ಉರುಳೆಗೆ ಮಾತ್ರ ಆಲ್ಕೊಹಾಲ್ ಬೇಡ, ರಬ್ಬರು ಗಡುಸಾಗುತ್ತದೆ. ತಿಳಿ ಸೋಪಿನ ನೀರಲ್ಲಿ ಹಿಂಡಿದ ಅರಿವೆ ಸಾಕು. ನಾಲ್ಕೈದು ಕ್ಯಾಸೆಟ್ಟಿಗೊಮ್ಮೆ ಈ ಶುಚಿ ಮಾಡಿಕೊಳ್ಳಿರಿ.

ಇನ್ನು ಕ್ಯಾಸೆಟ್ಟು. ಕೈಗೆತ್ತಿಕೊಂಡ ಕೂಡಲೇ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಎಸಳುಗಳನ್ನು ಮುರಿದುಬಿಡಿ. ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ. ಆಮೇಲೆ ಕಿಟಕಿಯಿಂದ ಬೆಳಕಿಗೆ ಹಿಡಿದು ನೋಡಿರಿ. ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿ ಅಥವಾ ಎಳೆ ಕಂಡರೆ ಅದು ಬೂಷ್ಟು. ಧಾರವಾಡದ ಮಳೆಗಾಲ ಕಂಡ ಮನೆಗಳಲ್ಲಿ ಇದು ಅಪರೂಪವೇನಲ್ಲ. ಅಂಥದ್ದನ್ನು ಡೆಕ್ಕಿಗೆ ಹಾಕಲೇಬಾರದು. ಹೆಡ್ಡಿಗೆ ಮೆತ್ತಿ, ಮುಂದೆ ಹಾಕುವ ಪ್ರತಿ ಕ್ಯಾಸೆಟ್ಟಿಗೂ ಹರಡುತ್ತದೆ. ಬೇರೆ ಚೀಲದಲ್ಲಿ ಕಟ್ಟಿಟ್ಟು, ಕೊನೆಗೆ ಬಲ್ಲವರಿಂದ ಶುಚಿ ಮಾಡಿಸಿರಿ.

ತೆರೆದ ಬದಿಯ ನಟ್ಟನಡುವೆ ಟೇಪಿನ ಹಿಂದೆ ತಾಮ್ರಬಣ್ಣದ ಪಟ್ಟಿ, ಅದರ ಮೇಲೆ ಉಣ್ಣೆಯ ಸಣ್ಣ ಚೂರು ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದರ ಕೆಲಸ. ಅಂಟು ಒಣಗಿ ಆ ಚೂರು ಉದುರಿದರೆ ಧ್ವನಿ ಮಂಕಾಗಿ, ಹೋಗಿ ಬಂದು ಮಾಡುತ್ತದೆ. ಟೇಪೇ ಕೆಟ್ಟಿತೆಂದು ಜನ ಎಸೆಯುವುದುಂಟು. ಬೇಡವಾದ ಇನ್ನೊಂದು ಕ್ಯಾಸೆಟ್ಟಿನ ಪಟ್ಟಿ ತೆಗೆದು ಹಾಕಿದರೆ ಸರಿಹೋಗುತ್ತದೆ. ಐದು ಸ್ಕ್ರೂ ಇರುವ ಕ್ಯಾಸೆಟ್ಟನ್ನು ಮೇಜಿನ ಮೇಲೆ ಮಲಗಿಸಿ, ಮೇಲಿನ ಅರ್ಧವನ್ನಷ್ಟೇ ಎತ್ತಬೇಕು. ಸ್ಕ್ರೂ ಇಲ್ಲದ, ಬೆಸೆದ ಕ್ಯಾಸೆಟ್ಟಾದರೆ ಅಂಚನ್ನು ಬ್ಲೇಡಿನಿಂದ ನಿಧಾನ ಬಿಡಿಸಿ, ಸುರುಳಿಯನ್ನು ಸ್ಕ್ರೂ ಇರುವ ಖಾಲಿ ಡಬ್ಬಿಗೆ ಸಾಗಿಸಬೇಕಾಗುತ್ತದೆ. ಹರಿದ ಟೇಪನ್ನು ಸೇರಿಸಲು ಮನೆಯ ಸೆಲ್ಲೊಟೇಪು ಬಳಸಬೇಡಿರಿ. ಅದರ ಅಂಟು ಹೊರಗೆ ಜಿನುಗಿ ಮುಂದಿನ ಸುತ್ತಿಗೂ ಹಿಡಿಯುತ್ತದೆ. ಸ್ಪ್ಲೈಸಿಂಗ್ ಟೇಪು ತರಿಸಿ, ಹೆಡ್ಡಿಗೆ ತಾಗದ ಒಳಮೈಗೆ ಹಚ್ಚಬೇಕು.

ಎಷ್ಟೋ ವರ್ಷ ಹಾಗೇ ಕೂತ ಟೇಪನ್ನು ನುಡಿಸುವ ಮೊದಲು ಕೊನೆಯವರೆಗೆ ಒಮ್ಮೆ ಮುಂದೆ ಓಡಿಸಿ, ಹಿಂದಕ್ಕೆ ತನ್ನಿರಿ. ಸುತ್ತಿನ ಬಿಗಿ ಸಮನಾಗುತ್ತದೆ. 120 ನಿಮಿಷದ ಕ್ಯಾಸೆಟ್ಟುಗಳ ಟೇಪು ಬಹಳ ತೆಳು. ಅವುಗಳನ್ನು ಓಡಿಸುವಾಗ ಡೆಕ್ಕಿನ ಪಕ್ಕದಲ್ಲೇ ಇರಿ.

ಈಗ ಹೆಚ್ಚಿನವರು ಬಿಟ್ಟುಬಿಡುವ, ಫಲಿತಾಂಶವನ್ನು ಬೇರೆ ಯಾವುದಕ್ಕಿಂತ ಹೆಚ್ಚು ಬದಲಿಸುವ ಒಂದು ಹೆಜ್ಜೆ. ಹೆಡ್ಡಿನ ಪಕ್ಕ, ಸ್ಪ್ರಿಂಗಿನ ಮೇಲೆ ಕೂತ ಸಣ್ಣ ಸ್ಕ್ರೂ ಒಂದು ಇರುತ್ತದೆ. ಅದು ಹೆಡ್ಡಿನ ಓರೆಯನ್ನು ನಿಶ್ಚಯಿಸುತ್ತದೆ, ಇದಕ್ಕೆ ಆಜಿಮತ್ ಎನ್ನುತ್ತಾರೆ. ಹಿಂದೆ ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಕೂದಲೆಳೆಯಷ್ಟು ಓರೆ ಇದ್ದರೂ, ನಿಮ್ಮ ಡೆಕ್ಕಿನಲ್ಲಿ ತಾರಸ್ವರದ ಹೊಳಪು, ತಬಲಾದ ಕಿನಾರೆಯ ಟಕ್ ಎಂಬ ಪೆಟ್ಟು, ಮಾತಿನ ಸ-ಶ ಅಕ್ಷರಗಳು ಮಸುಕಾಗುತ್ತವೆ. ಹೆಡ್‌ಫೋನ್ ಹಾಕಿ, ಎರಡೂ ಚಾನೆಲ್ ಕೂಡಿಸಿ ಮೊನೊದಲ್ಲಿ ಕೇಳುತ್ತ, ಆ ಸ್ಕ್ರೂವನ್ನು ಅತ್ತಿತ್ತ ಸ್ವಲ್ಪ ಸ್ವಲ್ಪವೇ ತಿರುಗಿಸಿರಿ. ಕಾಲು ಸುತ್ತು ದಾಟಬೇಡಿರಿ. ಧ್ವನಿ ಎಲ್ಲಿ ಅತ್ಯಂತ ಸ್ಪಷ್ಟವೋ ಅಲ್ಲಿ ನಿಲ್ಲಿಸಿರಿ. ಒಂದೊಂದು ಟೇಪು ಒಂದೊಂದು ಯಂತ್ರದಲ್ಲಿ ಮುದ್ರಣವಾಗಿದ್ದರೆ ಪ್ರತಿಯೊಂದಕ್ಕೂ ಇದನ್ನು ಮಾಡಬೇಕು. ಇಲ್ಲಿ ಕಳೆದುಹೋದ ಹೊಳಪನ್ನು ಮುಂದೆ ಯಾವ ಸಾಫ್ಟ್‌ವೇರೂ ಸರಿಯಾಗಿ ಮರಳಿ ಕೊಡದು.

ಜೋಡಣೆ ಸುಲಭ. ಡೆಕ್ಕಿನ ಹಿಂದೆ ಕೆಂಪು-ಬಿಳಿ ಲೈನ್ ಔಟ್ ಇರುತ್ತದೆ. ಅಲ್ಲಿಂದ 3.5 ಮಿಲಿಮೀಟರ್ ಸ್ಟೀರಿಯೊ ಪಿನ್ನಿನ ಕೇಬಲ್ಲು ಕಂಪ್ಯೂಟರಿನ ನೀಲಿ ತೂತಿಗೆ. ಗುಲಾಬಿ ತೂತಿಗೆ ಹಾಕಬಾರದು. ಮೈಕಿನಿಂದ ಬರುವುದು ವೋಲ್ಟಿನ ಸಾವಿರದ ಕೆಲವೇ ಪಾಲು, ಡೆಕ್ಕಿನಿಂದ ಬರುವುದು ಸುಮಾರು ಮೂರನೇ ಒಂದು ವೋಲ್ಟು. ಅಷ್ಟನ್ನು ಮೈಕಿನ ತೂತಿಗೆ ಕೊಟ್ಟರೆ ಧ್ವನಿ ಒಡೆದು ಕರಕರ ಎನ್ನುತ್ತದೆ. ಲ್ಯಾಪ್‌ಟಾಪೇ ಬಳಸುವುದಾದರೆ ಲೈನ್ ಇನ್ ಎಂದು ಸ್ಪಷ್ಟವಾಗಿ ಬರೆದಿರುವ ಯುಎಸ್‌ಬಿ ಸೌಂಡ್ ಕಾರ್ಡು ಕೊಳ್ಳಿರಿ. ಬೆರಳುದ್ದದ ಅಗ್ಗದವುಗಳಲ್ಲಿ ಮೈಕಿನ ದಾರಿ ಮಾತ್ರ, ಅದೂ ಒಂದೇ ಚಾನೆಲ್ಲು. ಹಳೆಯ ಡೆಸ್ಕ್‌ಟಾಪಿನ ನೆಟ್‌ವರ್ಕ್ ವೈರು ಕಿತ್ತಿಡಿ. ಇಂಟರ್‌ನೆಟ್ ಮುಟ್ಟದ ಯಂತ್ರದಲ್ಲಿ ಈ ಒಂದು ಕೆಲಸಕ್ಕೆ ವಿಂಡೋಸ್ 10 ಸಾಕು. ಲಿನಕ್ಸ್ ಹಾಕಿದರೂ ನಡೆಯುತ್ತದೆ.

ಗುಂಯ್ ಎಂಬ ಸದ್ದು ಬಂದರೆ ಡೆಕ್ಕು, ಕಂಪ್ಯೂಟರು ಎರಡನ್ನೂ ಒಂದೇ ಬೋರ್ಡಿನಿಂದ ಚಾಲೂ ಮಾಡಿ ನೋಡಿರಿ. ಲ್ಯಾಪ್‌ಟಾಪಾದರೆ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿರಿ. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಮುದ್ರಣ ಮುಂದುವರಿಸಬೇಡಿರಿ, ಅದರ ಗೊರಗೊರ ಸದ್ದು ಒಳಗೆ ಸೇರುತ್ತದೆ.

ಸಾಫ್ಟ್‌ವೇರು ಅಡಾಸಿಟಿ, ಉಚಿತ. ಸ್ಯಾಂಪಲ್ ದರ, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಬೇಕು ಎಂಬುದು, 48,000; ಪ್ರತಿ ಅಳತೆಯ ಆಳ 24 ಬಿಟ್. ಈ ಲೆಕ್ಕದಲ್ಲಿ ಒಂದು ಗಂಟೆಯ ಸ್ಟೀರಿಯೊ ಸುಮಾರು 1 ಜಿಬಿ ಆಗುತ್ತದೆ. 90 ನಿಮಿಷದ ನೂರು ಕ್ಯಾಸೆಟ್ಟಿದ್ದರೂ 155 ಜಿಬಿ ಆಸುಪಾಸು, ಇವತ್ತಿನ 1 ಟಿಬಿ ಡಿಸ್ಕಿಗೆ ಅದು ಹೆಚ್ಚಲ್ಲ. ಮಟ್ಟ ಹೊಂದಿಸುವಾಗ ಆಲಾಪ ಕೇಳಿ ಹೊಂದಿಸಬೇಡಿರಿ. ಟೇಪನ್ನು ದ್ರುತ್, ಅಂದರೆ ವೇಗದ ಗಾಯನ, ನಡೆಯುವ ಜಾಗಕ್ಕೆ ಓಡಿಸಿ, ತಬಲಾದ ಅತಿ ಜೋರಿನ ಪೆಟ್ಟು ಮೈನಸ್ 6 ಡೆಸಿಬೆಲ್ ಮುಟ್ಟುವಂತೆ ಇಡಿ. ಸೊನ್ನೆ ದಾಟಿದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ, ಅದು ಮತ್ತೆ ಬರುವುದಿಲ್ಲ. ಹಳೆಯ ಮನೆ ಟೇಪ್ ರೆಕಾರ್ಡರಿನಲ್ಲಿ ಮಾಡಿದ್ದಕ್ಕೆ ಸುಯ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಆಫ್ ಆಗಿರಲಿ. ಡಾಲ್ಬಿ ಹಾಕಿ ಮುದ್ರಿಸಿದ್ದು ಖಚಿತವಿದ್ದರೆ ಮಾತ್ರ ಹಚ್ಚಿರಿ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ವಿಂಡೋಸ್‌ನ ಸೌಂಡ್ ಸೆಟಿಂಗಿನಲ್ಲಿ, ರೆಕಾರ್ಡಿಂಗ್ ಸಾಧನದ ಪ್ರಾಪರ್ಟೀಸ್ ಒಳಗೆ ಎನ್‌ಹ್ಯಾನ್ಸ್‌ಮೆಂಟ್ ಎಂಬ ಭಾಗ ಇರುತ್ತದೆ. ಗದ್ದಲ ತೆಗೆಯುವುದು, ಮಟ್ಟವನ್ನು ತಾನಾಗಿಯೇ ಏರಿಳಿಸುವುದು, ಪ್ರತಿಧ್ವನಿ ಕಳೆಯುವುದು, ಎಲ್ಲವನ್ನೂ ಆಫ್ ಮಾಡಿಬಿಡಿ. ಅವು ಫೋನಿನ ಮಾತುಕತೆಗೆಂದು ಮಾಡಿದವು. ಬದಲಾಗದೆ ಒಂದೇ ಸಮನೆ ಕೇಳುವ ಸದ್ದು ಯಾವುದೋ ಅದು ಗದ್ದಲ ಎಂದು ಅವು ಎಣಿಸುತ್ತವೆ. ತಂಬೂರಿಯ ಗುಣವೇ ಒಂದೇ ಸಮನೆ ನುಡಿಯುವುದು! ಸಾಫ್ಟ್‌ವೇರು ಮೊದಲು ತಿಂದುಹಾಕುವುದು ಅದನ್ನೇ. ಗಾಯಕರು ಉಸಿರು ತೆಗೆದುಕೊಳ್ಳುವಾಗ ತಂಬೂರಿ ಮಾಯ, ಸ್ವರ ಹಚ್ಚಿದಾಗ ಮತ್ತೆ ಪ್ರತ್ಯಕ್ಷ. ಕಿರಾಣಾ ಘರಾಣೆ ಆಗಲಿ, ಜೈಪುರ-ಅತ್ರೌಲಿ ಘರಾಣೆ ಆಗಲಿ, ಷಡ್ಜದ ಆ ನೆಲವೇ ಕುಸಿದರೆ ಗಾಯನಕ್ಕೆ ಆಸರೆ ಎಲ್ಲಿಯದು? ಹೊಸದಾಗಿ ಬಂದ ಕೃತಕ ಬುದ್ಧಿಮತ್ತೆಯ ಶುದ್ಧೀಕರಣದ ಸಾಧನಗಳಲ್ಲೂ ಬಹಳಷ್ಟು ಮನುಷ್ಯರ ಮಾತಿನ ಮೇಲೆ ಪಳಗಿದವು. ಸಂದರ್ಶನಕ್ಕೋ ಭಾಷಣಕ್ಕೋ ಅವು ನಿಜಕ್ಕೂ ಒಳ್ಳೆಯವು, ಸಂಗೀತದ ಬೈಠಕ್ಕಿಗೆ ಅಲ್ಲ. ಈ ಸಾಧನಗಳು ವರ್ಷವರ್ಷವೂ ಸುಧಾರಿಸುತ್ತಿವೆ. ಟೇಪಿನಿಂದ ಬಂದದ್ದನ್ನು ಏನೂ ತಿದ್ದದೆ, ಸುಯ್ ಸದ್ದಿನ ಸಮೇತ ಹಾಗೆಯೇ ಉಳಿಸಿದವರಿಗೆ ಮುಂದಿನ ಒಳ್ಳೆಯ ಸಾಧನದ ಲಾಭ ಸಿಗುತ್ತದೆ. ತಿದ್ದಿದ್ದನ್ನಷ್ಟೇ ಉಳಿಸಿಕೊಂಡವರಿಗೆ ಸಿಗುವುದಿಲ್ಲ. ಸ್ವಚ್ಛ ಮಾಡಲೇಬೇಕೆಂದರೆ ಇನ್ನೊಂದು ಪ್ರತಿಯ ಮೇಲೆ, ಟೇಪಿನ ಮೊದಲಲ್ಲಿ ತಂಬೂರಿ ಶುರುವಾಗುವ ಮುಂಚಿನ ಒಂದೆರಡು ಸೆಕೆಂಡಿನ ಬರೀ ಸುಯ್ ಸದ್ದನ್ನು ಮಾದರಿಯಾಗಿ ಕೊಟ್ಟು, 6 ಡೆಸಿಬೆಲ್‌ಗಿಂತ ಹೆಚ್ಚು ಕಳೆಯದೆ ಮಾಡಿರಿ.

ವೇಗವನ್ನೂ ನೋಡಿಕೊಳ್ಳಬೇಕು. ಸೆಲ್ಲು ಇಳಿದ ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿದ್ದು ಈಗ ಸರಿಯಾದ ವೇಗದಲ್ಲಿ ನುಡಿಸಿದಾಗ ಓಡುತ್ತದೆ, ದನಿ ಕೀರಲು ಕೇಳುತ್ತದೆ. ವೇಗ ಶೇಕಡಾ 6 ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ, ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಕರಿ ಒಂದು ಬಿಳಿ ಎರಡಾಗುತ್ತದೆ. ಗಾಯಕರ ಶ್ರುತಿ ಬಲ್ಲವರು ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಸುಲಭವಾಗಿ ಗುರುತಿಸಿಯಾರು. ವಿದ್ಯುತ್ತಿನ ಮೇಲೆ ಮುದ್ರಿಸಿದ್ದರಲ್ಲಿ ಇನ್ನೊಂದು ಸುಳಿವು ಇದೆ. ನಮ್ಮ ಕರೆಂಟಿನ ಗುಂಯ್ ಸದ್ದು 50 ಹರ್ಟ್ಸ್. ಅಡಾಸಿಟಿಯ ಸ್ಪೆಕ್ಟ್ರಂ ಚಿತ್ರದಲ್ಲಿ ಅದು 53ರ ಹತ್ತಿರ ಕಂಡರೆ ವೇಗ ಹೆಚ್ಚಾಗಿದೆ ಎಂದರ್ಥ. ಆಗಿನ ಕಾಲದಲ್ಲಿ ಗ್ರಿಡ್ಡಿನ ಆವರ್ತನವೇ 50ರ ಕೆಳಗೆ ಇಳಿಯುತ್ತಿದ್ದುದರಿಂದ ಇದನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಬೇಕು, ಕೊನೆಯ ತೀರ್ಮಾನ ಕಿವಿಯದು. ತಿದ್ದುವುದಾದರೆ ವೇಗ ಮತ್ತು ಶ್ರುತಿ ಒಟ್ಟಿಗೆ ಬದಲಾಗುವ ಚೇಂಜ್ ಸ್ಪೀಡ್ ಆ್ಯಂಡ್ ಪಿಚ್ ಬಳಸಬೇಕು, ಅದೂ ಪ್ರತಿಯ ಮೇಲೆ.

ಮೂಲವನ್ನು ಫ್ಲ್ಯಾಕ್ ರೂಪದಲ್ಲಿ ಉಳಿಸಿರಿ. ಒಂದು ಬಿಟ್ಟೂ ಕಳೆಯದೆ ಗಾತ್ರ ಬಹಳ ಇಳಿಯುತ್ತದೆ. ಮೊಬೈಲಿಗೆ, ಟಿವಿಯ ಪೆನ್‌ಡ್ರೈವಿಗೆ 192 ಕೆಬಿಪಿಎಸ್ ಎಂಪಿ3 ಬೇರೆ ಮಾಡಿಕೊಳ್ಳಿರಿ. ಫೈಲಿನ ಹೆಸರಲ್ಲಿ ಮೊದಲು ವರ್ಷ, ತಿಂಗಳು, ಆಮೇಲೆ ಹಾಡಿದವರು, ರಾಗ, ಎ ಬದಿಯೋ ಬಿ ಬದಿಯೋ ಎಂಬುದಿರಲಿ. ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ಆದರೆ ಯುನಿಕೋಡ್‌ನಲ್ಲಿ. ಹಳೆಯ ಫಾಂಟ್‌ಗಳ ಆಸ್ಕಿ ಬರಹ ಬೇರೆ ಯಂತ್ರದಲ್ಲಿ ಚಿತ್ರವಿಚಿತ್ರ ಅಕ್ಷರವಾಗಿ ಕಾಣುತ್ತದೆ. ಕ್ಯಾಸೆಟ್ಟಿನ ಹೊದಿಕೆ ಚೀಟಿಯ ಫೋಟೊ ಅದೇ ಫೋಲ್ಡರಿಗೆ ಹಾಕಿರಿ. ಸ್ವಂತಕ್ಕೆ ಕೇಳಲು ಪ್ರತಿ ಮಾಡಿಕೊಳ್ಳುವುದು ಒಂದು, ಯೂಟ್ಯೂಬಿಗೆ ಏರಿಸುವುದು ಇನ್ನೊಂದು. ನಮ್ಮ ಕಾನೂನಿನಲ್ಲಿ ಪ್ರಕಟವಾದ ಧ್ವನಿಮುದ್ರಿಕೆಗೆ 60 ವರ್ಷದ ಹಕ್ಕುಸ್ವಾಮ್ಯ ಇದೆ. ಏರಿಸುವ ಮುಂಚೆ ಹಕ್ಕು ಯಾರದೆಂದು ವಿಚಾರಿಸಿರಿ.

ಪ್ರತಿಗಳು ಮೂರಿರಲಿ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನಲ್ಲಿರುವ ಅಣ್ಣನದೋ ಮಗಳದೋ ಮನೆಯಲ್ಲಿ. ಬರೆಯುವ ಸಿಡಿಗಳ ಬಣ್ಣದ ಪದರ ಕಾಲ ಕಳೆದಂತೆ ಮಾಸುತ್ತದೆ. ಪೆನ್‌ಡ್ರೈವ್, ಎಸ್‌ಎಸ್‌ಡಿಗಳು ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬಿದ್ದರೆ ಒಳಗಿನ ವಿದ್ಯುದಾವೇಶ ಸೋರಿ ಮಾಹಿತಿ ಕೆಡಬಹುದು. ವರ್ಷಕ್ಕೊಮ್ಮೆ, ದೀಪಾವಳಿಯ ಶುಚಿಯ ಹೊತ್ತಿಗೆ ಎಂದಿಟ್ಟುಕೊಳ್ಳಿರಿ, ಡಿಸ್ಕುಗಳನ್ನು ಹಚ್ಚಿ ಫ್ಲ್ಯಾಕ್‌ನ ಪರೀಕ್ಷೆ ನಡೆಸಿರಿ. ಪ್ರತಿ ಫೈಲಿನೊಳಗೂ ತಾಳೆ ಸಂಖ್ಯೆಯೊಂದು ಅಡಗಿರುತ್ತದೆ, ಯಾವುದು ಕೆಟ್ಟಿದೆ ಎಂದು ಅದು ತೋರಿಸಿಕೊಡುತ್ತದೆ. ಕೆಟ್ಟದ್ದನ್ನು ಇನ್ನೊಂದು ಡಿಸ್ಕಿನಿಂದ ತುಂಬಿಸಬಹುದು. ಕ್ಯಾಸೆಟ್ಟುಗಳನ್ನು ಎಸೆಯಬೇಡಿರಿ. ಪೂರ್ತಿ ಹಿಂದಕ್ಕೆ ಸುತ್ತಿ, ಡಬ್ಬಿಯಲ್ಲಿ ನಿಲ್ಲಿಸಿ, ಸ್ಪೀಕರಿನ ಅಯಸ್ಕಾಂತದಿಂದಲೂ ಮಳೆಗೆ ತೊಯ್ಯುವ ಗೋಡೆಯಿಂದಲೂ ದೂರ ಇಡಿರಿ. ನಮಸ್ಕಾರ.